‘ಕಾಣೆ’ ಎಂದವರು ಯಾರು?

ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಗೂ ನಿಧನವಾರ್ತೆಗೂ ನಡುವೆ, ಒಂದು ಮಸುಕು ಫೋಟೊ ಇರುತ್ತದೆ. ಮೇಲೆ ‘ಮಹಿಳೆ ಕಾಣೆ’ ಎಂದೋ ‘ವೃದ್ಧ ಕಾಣೆ’ ಎಂದೋ ತಲೆಬರಹ. ಕೆಳಗೆ ಚಹರೆ ಗುರುತು: ಎತ್ತರ 5.2 ಅಡಿ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ಮನೆಯಿಂದ ಹೊರಡುವಾಗ ಹಸಿರು ಸೀರೆ ಉಟ್ಟಿದ್ದರು, ಕನ್ನಡ ಮತ್ತು ತುಳು ಮಾತನಾಡುತ್ತಾರೆ, ಕಂಡವರು ಠಾಣೆಗೆ ತಿಳಿಸಬೇಕು. ಇಂಥ ಪ್ರಕಟಣೆ ಕಣ್ಣಿಗೆ ಬಿದ್ದರೆ ನಾನು ಓದದೆ ಪುಟ ತಿರುಗಿಸಲಾರೆ. ಅದರಲ್ಲಿ ಯಾವ ಸಾಲು ಠಾಣೆಯದು, ಯಾವುದು ಮನೆಯದು ಎಂದು ಸುಲಭವಾಗಿ ಗೊತ್ತಾಗುತ್ತದೆ. ಯಾವ ತಾಯಿಯೂ ಮಗಳ ಮೈಬಣ್ಣವನ್ನು ‘ಎಣ್ಣೆಗೆಂಪು’ ಎನ್ನುವುದಿಲ್ಲ, ಅದು ಠಾಣೆಯ ಬರಹಗಾರನ ಮಾತು. ಸೀರೆಯ ಬಣ್ಣ ಹೇಳಿದವಳು ಮಾತ್ರ ತಾಯಿಯೇ ಇರಬೇಕು.

ಈ ಪ್ರಕಟಣೆಯಲ್ಲಿ ಮನೆಯವರ ಬಾಯಿಂದ ಬಂದ ಇನ್ನೊಂದು ಮಾತೂ ಇದೆ, ತಲೆಬರಹದಲ್ಲೇ. ಆ ‘ಕಾಣೆ’.

ನಾವು ಅದನ್ನು ‘ಕಳೆದುಹೋದ’ ಎಂಬರ್ಥದ ಒಂದು ನಾಮಪದದಂತೆ ಬಳಸುತ್ತೇವೆ: ಕಾಣೆಯಾದ, ಕಾಣೆಯಾಗಿ, ಕಾಣೆಯಾದವರು. ರೂಪ ನೋಡಿದರೆ ಅದು ಒಂದು ಇಡೀ ವಾಕ್ಯ. ಹಳಗನ್ನಡದಲ್ಲಿ ‘ಕಂಡೆಂ’ ಎಂದರೆ ನೋಡಿದೆ, ‘ಕಾಣ್ಬೆಂ’ ಎಂದರೆ ನೋಡುವೆ. ಇವೆರಡರಲ್ಲೂ ಧಾತುವಿಗೂ ‘ಎಂ’ ಎಂಬ ‘ನಾನು’ವಿಗೂ ನಡುವೆ ಕಾಲವನ್ನು ಹೇಳುವ ಒಂದು ತುಣುಕಿದೆ. ಆ ತುಣುಕನ್ನು ತೆಗೆದುಬಿಟ್ಟರೆ ಉಳಿಯುವುದು ‘ಕಾಣೆಂ’, ನಾನು ಕಾಣುವುದಿಲ್ಲ. ‘ಇಲ್ಲ’ ಎಂಬ ಪದದ ನೆರವು ಇದಕ್ಕೆ ಬೇಡ. ಕಾಲದ ಗುರುತು ಇರಬೇಕಾದ ಜಾಗ ಬರಿದಾಗಿರುವುದೇ ನಿಷೇಧವನ್ನು ಹೇಳುತ್ತದೆ. ಹಾಗಾಗಿ ಈ ರೂಪ ಭೂತಕ್ಕೂ ವರ್ತಮಾನಕ್ಕೂ ಭವಿಷ್ಯಕ್ಕೂ ಒಂದೇ: ಕಾಣಲಿಲ್ಲ, ಕಾಣುತ್ತಿಲ್ಲ, ಕಾಣಲಾರೆ. ವ್ಯಾಕರಣದ ಪುಸ್ತಕ ಇದನ್ನು ನಿಷೇಧರೂಪ ಎಂದು ಕರೆದು ಮುಂದೆ ಹೋಗುತ್ತದೆ. ಮಗನ ದಾರಿ ಕಾಯುತ್ತಿರುವವರನ್ನು ಬಲ್ಲವರು ಮಾತ್ರ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

‘ಕಾಣೆಂ’ ಮುಂದೆ ‘ಕಾಣೆನು’ ಆಯಿತು, ಆಮೇಲೆ ‘ಕಾಣೆ’. ಇದರ ಒಡಹುಟ್ಟಿದವು ಇನ್ನೂ ಬದುಕಿವೆ: ಅರಿಯೆ, ಒಲ್ಲೆ, ಬರಲಾರೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಏನನ್ನಾದರೂ ಕೇಳಿದರೆ ಹಿರಿಯರು ಈಗಲೂ ‘ನಾ ಕಾಣೆ ಕಣವ್ವ’ ಎನ್ನುತ್ತಾರೆ, ನನಗೆ ಗೊತ್ತಿಲ್ಲ ಎಂಬರ್ಥದಲ್ಲಿ. ಆ ಪುಟ್ಟ ಮಾತಿನಲ್ಲಿ ಒಂದೇ ಬೇರು ಎರಡು ಸಲ ಬಂದಿದೆ. ‘ಕಣಾ’, ‘ಕಣೋ’, ‘ಕಣವ್ವ’ ಎಲ್ಲವೂ ‘ಕಾಣಾ’, ಅಂದರೆ ‘ನೋಡು’ ಎಂಬುದರ ಸವೆದ ರೂಪಗಳು. ನಾನು ಕಾಣೆ, ನೋಡವ್ವ.

‘ಮಹಿಳೆ ಕಾಣೆ’ ಎಂಬಲ್ಲಿ ಕ್ರಿಯೆಯ ಕರ್ತೃ ಮಹಿಳೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅವಳ ಬಗ್ಗೆ ಹೇಳಬೇಕಿದ್ದರೆ ‘ಕಾಣಳು’ ಎನ್ನಬೇಕಿತ್ತು. ‘ಕಾಣೆ’ಯಲ್ಲಿ ಮಾತಾಡುತ್ತಿರುವುದು ‘ನಾನು’: ಹುಡುಕಿ ಬಂದವಳು, ಠಾಣೆಯ ಬೆಂಚಿನ ಮೇಲೆ ಕೂತಿರುವವಳು. ಕಾಲ ಕಳೆದಂತೆ ‘ನಾನು’ ಸವೆದುಹೋಗಿ ಪದ ಮಾತ್ರ ಉಳಿಯಿತು, ಸರ್ಕಾರಿ ಕಡತಗಳಲ್ಲಿ ‘ಮನುಷ್ಯ ಕಾಣೆ ಪ್ರಕರಣ’ವಾಯಿತು. ಆದರೂ ಅವಳ ದನಿ ಪ್ರತ್ಯಯದಲ್ಲಿ ಉಳಿದಿದೆ ಎಂದೇ ನಾನು ಓದುತ್ತೇನೆ.

ಕನ್ನಡ ಇದರಲ್ಲಿ ಒಂಟಿಯೇನಲ್ಲ. ತಮಿಳಿನಲ್ಲಿ ಏನಾದರೂ ಕಳೆದುಹೋದರೆ ‘ಕಾಣೋಂ’ ಎನ್ನುತ್ತಾರೆ. ಅದೂ ಇದೇ ನಿಷೇಧರೂಪ, ಬಹುವಚನದಲ್ಲಿ: ನಾವು ಕಾಣೆವು. ಅಲ್ಲಿ ಇಡೀ ಮನೆ ಒಟ್ಟಾಗಿ ಹುಡುಕುತ್ತದೆ. ಮಲಯಾಳಂನ ಪ್ರಕಟಣೆಗಳಲ್ಲಿ ‘ಕಾಣಾನಿಲ್ಲ’ ಎಂದಿರುತ್ತದೆ, ತೆಲುಗಿನಲ್ಲಿ ‘ಕನಬಡುಟಲೇದು’. ಅವೆರಡರಲ್ಲಿ ನೋಡುವವರ ಗುರುತು ಹೋಗಿದೆ, ಕಣ್ಣು ಉಳಿದಿದೆ.

ಈ ಬೇರಿನ ಬಳಗ ದೊಡ್ಡದು. ಕಣ್ಣು, ಕಾಣಿಕೆ, ಕಾಣಿಸು, ಕಣಿ. ಕೊರವಂಜಿ ಹೇಳುವ ಕಣಿಯೂ ಕಾಣುವುದರಿಂದಲೇ ಹುಟ್ಟಿದ್ದು, ಮುಂದಿನದನ್ನು, ದೂರದ್ದನ್ನು ಕಾಣುವುದು. ಮನೆಯಿಂದ ಹೋದವರು ವಾರ ಕಳೆದರೂ ಬಾರದಿದ್ದರೆ ನಮ್ಮ ಜನ ಠಾಣೆಗೂ ಹೋಗುತ್ತಾರೆ, ಕಣಿ ಕೇಳಲೂ ಹೋಗುತ್ತಾರೆ. ಅಂಜನ ಹಾಕಿಸಿ ವೀಳ್ಯದೆಲೆಯ ಕಪ್ಪಿನೊಳಗೆ ಏನು ಕಾಣುತ್ತದೆ ಎಂದು ಮಗುವನ್ನು ಕೇಳುತ್ತಾರೆ. ಇದನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವುದು ಸುಲಭ. ‘ಕಾಣೆ’ ಎಂದವಳು ‘ಕಣಿ’ಯ ಬಾಗಿಲಿಗೆ ಹೋದಾಗ ಅವಳು ಬೇಡುತ್ತಿರುವುದು ಒಂದು ನೋಟವನ್ನು. ಅದನ್ನು ಕೊಡುವವರು ಬೇರೆ ಯಾರೂ ಸಿಕ್ಕಿರುವುದಿಲ್ಲ.

ಇನ್ನು ‘ನಾಪತ್ತೆ’. ಇದು ಉತ್ತರದಿಂದ ಬಂದದ್ದು. ಪತ್ತೆ ಎಂದರೆ ಸುಳಿವು, ಜಾಡು, ವಿಳಾಸ. ಮರಾಠಿಯವರು ಅದಕ್ಕೆ ಫಾರಸಿಯ ‘ಬೇ’ ಸೇರಿಸಿ ‘ಬೇಪತ್ತಾ’ ಎಂದರು, ಹಿಂದಿಯವರು ಅರಬ್ಬಿಯ ‘ಲಾ’ ಸೇರಿಸಿ ‘ಲಾಪತಾ’ ಎಂದರು. ನಾವು ಫಾರಸಿಯದೇ ಆದ ‘ನಾ’ವನ್ನು ಆರಿಸಿಕೊಂಡೆವು, ನಾಲಾಯಕ್ಕಿನಲ್ಲಿ ಇರುವ ಅದೇ ‘ನಾ’. ಪತ್ತೆಗೆ ‘ದಾರ’ ಸೇರಿದಾಗ ಪತ್ತೇದಾರ ಹುಟ್ಟಿದ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಗ್ರಂಥಾಲಯದಿಂದ ತಂದು ಓದಿದ ತಲೆಮಾರಿಗೆ ಈ ಪದದ ರುಚಿ ಗೊತ್ತು. ಆಮೇಲೆ ರವಿ ಬೆಳಗೆರೆಯವರ ‘ಕ್ರೈಂ ಡೈರಿ’ ಬಂತು, ಇಂದು ಮೊಬೈಲಿನಲ್ಲಿ ಮುಗಿಯದಷ್ಟು ಅಪರಾಧ ಕಥನಗಳಿವೆ. ನಾನೂ ಅವನ್ನು ನೋಡುತ್ತೇನೆ, ರಾತ್ರಿ ನಿದ್ದೆಗೆಟ್ಟು ಕೇಳುತ್ತೇನೆ. ಅವುಗಳ ಆಸಕ್ತಿ ಹೆಚ್ಚಾಗಿ ಪತ್ತೆಯ ಕಡೆಗೆ: ಸುಳಿವು ಹೇಗೆ ಸಿಕ್ಕಿತು, ಆರೋಪಿ ಎಲ್ಲಿಗೆ ಪರಾರಿಯಾಗಿದ್ದ, ಯಾವ ತಪ್ಪಿನಿಂದ ಸಿಕ್ಕಿಬಿದ್ದ. ಬಂಧನವಾದಾಗ ಕಥೆ ಮುಗಿಯುತ್ತದೆ. ‘ನಾ ಕಾಣೆ’ ಎಂದವಳಿಗೆ ಆರಂಭದಲ್ಲಿ ಒಂದು ದೃಶ್ಯ ಸಿಕ್ಕರೆ ಹೆಚ್ಚು.

ಈ ಎರಡು ಪದಗಳ ಪಕ್ಕದಲ್ಲಿ ಮೂರನೆಯದೊಂದು ಕಾದಿರುತ್ತದೆ: ‘ಓಡಿಹೋದಳು’. ಇದು ಅಚ್ಚಗನ್ನಡ, ಮತ್ತು ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಅಪಾಯಕಾರಿ ಮಾತು. ‘ಕಾಣೆ’ ಎಂಬಲ್ಲಿ ತಿಳಿಯದ ಒಂದು ಜಾಗ ಇದೆ, ಹುಡುಕಲು ಅವಕಾಶ ಇದೆ. ‘ಓಡಿಹೋದಳು’ ಎಂದರೆ ಎಲ್ಲ ತಿಳಿದುಹೋಯಿತು, ತೀರ್ಪೂ ಆಯಿತು.

ದಕ್ಷಿಣ ಕನ್ನಡದ ಮೋಹನ್ ಕುಮಾರ್ ಪ್ರಕರಣ ಈ ಮೂರನೆಯ ಪದದ ನೆರಳಿನಲ್ಲೇ ಬೆಳೆದದ್ದು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವನು. ಬಡ ಮನೆಗಳ, ಮದುವೆ ತಡವಾದ ಹೆಣ್ಣುಮಕ್ಕಳನ್ನು ಪರಿಚಯ ಮಾಡಿಕೊಂಡು, ವರದಕ್ಷಿಣೆ ಬೇಡ ಎಂದು ನಂಬಿಸಿ, ಒಡವೆ ಹಾಕಿಕೊಂಡು ಬಾ ಎಂದು ದೂರದ ಊರಿಗೆ ಕರೆದೊಯ್ಯುತ್ತಿದ್ದ. ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಒಡವೆಯನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಂತೆ ಎಂದು ಹೇಳಿ ಸೈನೈಡ್ ಸವರಿದ ಮಾತ್ರೆ ಕೊಡುತ್ತಿದ್ದ. ಅದನ್ನು ನುಂಗಲು ಆಕೆ ನಿಲ್ದಾಣದ ಶೌಚಾಲಯಕ್ಕೆ ಹೋಗುತ್ತಿದ್ದಳು. ನ್ಯಾಯಾಲಯದ ಮುಂದೆ ಬಂದದ್ದು ಈ ಚಿತ್ರ. ಹೀಗೆ ಸತ್ತವರೆಂದು ದಾಖಲಾದವರು 20 ಮಹಿಳೆಯರು.

ಇಷ್ಟು ಮಂದಿ ಹೋಗುವ ತನಕ ಯಾರಿಗೂ ತಿಳಿಯಲಿಲ್ಲವೆ ಎಂದು ಎಲ್ಲರೂ ಕೇಳುತ್ತಾರೆ. ತಿಳಿದಿತ್ತು, ಎರಡು ಕಡೆ, ಅರ್ಧರ್ಧ. ಹುಟ್ಟಿದೂರಿನಲ್ಲಿ ಅವಳ ಹೆಸರು ಗೊತ್ತಿತ್ತು, ಅವಳು ಎಲ್ಲಿದ್ದಾಳೆಂಬುದು ಗೊತ್ತಿರಲಿಲ್ಲ. ಘಟ್ಟದ ಮೇಲಿನ ಯಾವುದೋ ನಗರದ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಿದ್ದಳು, ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯ ಠಾಣೆ ‘ಅಪರಿಚಿತ ಮಹಿಳೆಯ ಶವ’ ಎಂದು ಬರೆದು ಅಸ್ವಾಭಾವಿಕ ಸಾವಿನ ಕಡತ ತೆರೆಯಿತು. ಇಲ್ಲಿ ಕೆಲವು ಮನೆಗಳಲ್ಲಿ ‘ಕಾಣೆ’ ಎಂದು ದೂರು ಹೋಯಿತು, ಕೆಲವು ಮನೆಗಳಲ್ಲಿ ಮರ್ಯಾದೆಗೆ ಅಂಜಿ, ಯಾರೊಂದಿಗೋ ಮದುವೆಯಾಗಿ ಎಲ್ಲೋ ಸುಖವಾಗಿರಬಹುದೆಂದು ನಂಬಿ, ಸುಮ್ಮನಾದರು. ‘ಕಾಣೆ’ಯ ಕಡತವೂ ‘ಅಪರಿಚಿತ’ದ ಕಡತವೂ ಒಂದೇ ರಾಜ್ಯದ ಕಪಾಟುಗಳಲ್ಲಿ ವರ್ಷಗಟ್ಟಲೆ ಬೇರೆಬೇರೆಯಾಗಿ ಕೂತಿದ್ದವು.

2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಹೋದಾಗ ಅವಳ ಕಡೆಯವರು ‘ಓಡಿಹೋದಳು’ ಎಂಬ ಮಾತಿಗೆ ಒಪ್ಪಿ ಸುಮ್ಮನಾಗಲಿಲ್ಲ, ಪ್ರತಿಭಟನೆಗೆ ಇಳಿದರು. ಪೊಲೀಸರು ಫೋನ್ ಕರೆಗಳ ದಾಖಲೆ ಹಿಡಿದು ಹೊರಟಾಗ ಅದು ಒಬ್ಬ ಕಾಣೆಯಾದವಳಿಂದ ಇನ್ನೊಬ್ಬ ಕಾಣೆಯಾದವಳ ಕಡೆಗೆ ಕರೆದೊಯ್ದಿತು. ಆ ವರ್ಷದ ಅಕ್ಟೋಬರಿನಲ್ಲಿ ಅವನ ಬಂಧನವಾಯಿತು. ಮಂಗಳೂರಿನ ನ್ಯಾಯಾಲಯದ ಮೊದಲ ತೀರ್ಪುಗಳು 2013ರ ಡಿಸೆಂಬರಿನಲ್ಲಿ ಬಂದವು, ಇಪ್ಪತ್ತನೆಯ ಪ್ರಕರಣದ್ದು 2020ರಲ್ಲಿ. ಪತ್ರಿಕೆಗಳು ಅವನಿಗೆ ‘ಸೈನೈಡ್ ಮೋಹನ್’ ಎಂದು ಅಡ್ಡಹೆಸರಿಟ್ಟವು. ಅವನ ಹೆಸರು ಕನ್ನಡನಾಡಿನಲ್ಲಿ ಎಲ್ಲರಿಗೂ ಗೊತ್ತು. ಆ ಇಪ್ಪತ್ತು ಮನೆಗಳಲ್ಲಿ ‘ಕಾಣೆ’ ಎಂಬ ಮಾತು ಯಾವ ದಿನ ಬೇರೆ ಮಾತಾಗಿ ಬದಲಾಯಿತು ಎಂಬುದನ್ನು ಯಾವ ಕಥನವೂ ಹೇಳಿದ್ದು ನಾನು ಕೇಳಿಲ್ಲ.

‘ಕಂಡವರು’ ಎಂಬ ಪದ ಇಲ್ಲಿ ನೆನಪಾಗುತ್ತದೆ. ಪ್ರಕಟಣೆಯ ಕೊನೆಯಲ್ಲಿ ಅದಕ್ಕೆ ‘ನೋಡಿದವರು’ ಎಂದರ್ಥ. ಮನೆಮಾತಿನಲ್ಲಿ ಅರ್ಥ ಬೇರೆ: ಕಂಡವರ ಮನೆ, ಕಂಡವರ ಮಕ್ಕಳು, ಅಂದರೆ ನಮ್ಮವರಲ್ಲದವರು. ‘ಕಂಡವರು ಠಾಣೆಗೆ ತಿಳಿಸಿ’ ಎಂಬಲ್ಲಿ ಈ ಎರಡೂ ಅರ್ಥ ಒಂದಾಗಿವೆ. ಬಸ್ ನಿಲ್ದಾಣದಲ್ಲಿ ಅವಳನ್ನು ಕೊನೆಗೆ ನೋಡಿದವರು, ಶೌಚಾಲಯದ ಬಾಗಿಲು ತೆರೆದವರು, ಎಲ್ಲರೂ ಕಂಡವರೇ.

ಗಂಡುಮಕ್ಕಳು ಕಾಣೆಯಾಗುವ ಬಗೆಗಳಲ್ಲಿ ಒಂದಕ್ಕೆ ಸರ್ಕಾರವೇ ಕಾರಣವಾಗಿರುತ್ತದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮಾರ್ಚ್ 1ರಂದು, ಕಲ್ಲಿಕೋಟೆಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಹಿಡಿದೊಯ್ದರು. ತಂದೆ ಈಚರ ವಾರಿಯರ್ ಹಿಂದಿ ಪ್ರಾಧ್ಯಾಪಕರು. ಅವರು ಕಚೇರಿಯಿಂದ ಕಚೇರಿಗೆ ಅಲೆದರು, ಮಂತ್ರಿಗಳ ಮುಂದೆ ನಿಂತರು. ತುರ್ತು ಪರಿಸ್ಥಿತಿ ತೆರವಾದ ಕೂಡಲೇ, 1977ರಲ್ಲಿ, ಕೇರಳ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಮಗನನ್ನು ಕಣ್ಣೆದುರು ತಂದು ನಿಲ್ಲಿಸಿ ಎಂಬುದು ಅದರ ತಿರುಳು. ರಾಜನ್ ಪೊಲೀಸರ ವಶದಲ್ಲೇ ತೀರಿಕೊಂಡಿದ್ದನೆಂಬುದು ಹೊರಬಂತು, ಆಗ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಶವ ಮಾತ್ರ ಸಿಗಲೇ ಇಲ್ಲ. ಒಬ್ಬ ತಂದೆಯ ನೆನಪುಗಳನ್ನು ಪುಸ್ತಕವಾಗಿ ಬರೆದು ವಾರಿಯರ್ 2006ರಲ್ಲಿ ತೀರಿಕೊಂಡರು. ಅವರ ಮಟ್ಟಿಗೆ ಪತ್ತೆ ಆಗಿತ್ತು, ಯಾರು ಹಿಡಿದರು, ಎಲ್ಲಿಗೆ ಒಯ್ದರು ಎಂಬುದೆಲ್ಲ ಗೊತ್ತಿತ್ತು. ಕಾಣುವುದು ಮಾತ್ರ ಆಗಲಿಲ್ಲ. ‘ನಾಪತ್ತೆ’ ತೀರಿದರೂ ‘ಕಾಣೆ’ ತೀರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ನಾನು ಓದಿಲ್ಲ.

ಕಾನೂನು ಕಣ್ಣನ್ನು ಬಿಟ್ಟು ಕಿವಿಯನ್ನು ನಂಬುತ್ತದೆ. ಒಬ್ಬನ ಬಗ್ಗೆ, ಸಹಜವಾಗಿ ಸುದ್ದಿ ಕೇಳಬೇಕಾಗಿದ್ದವರು ಏಳು ವರ್ಷ ಏನನ್ನೂ ಕೇಳಿಲ್ಲವಾದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. 1872ರ ಸಾಕ್ಷ್ಯ ಕಾಯ್ದೆಯ 108ನೆಯ ಕಲಮಿನಲ್ಲಿದ್ದ ಈ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೆಯ ಕಲಮು. ಏಳು ವರ್ಷದ ನಂತರ ಸಾವನ್ನು ಊಹಿಸಬಹುದು, ಸತ್ತದ್ದು ಯಾವಾಗ ಎಂಬುದನ್ನು ಊಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2004ರಲ್ಲಿ, ಜೀವವಿಮಾ ನಿಗಮದ ಮೊಕದ್ದಮೆಯೊಂದರಲ್ಲಿ ಹೇಳಿತು. ದಿನಾಂಕ ಇಲ್ಲದ ಸಾವು. ಕಾಲಪ್ರತ್ಯಯವಿಲ್ಲದ ಕ್ರಿಯಾಪದಕ್ಕೆ ಕಾನೂನು ಕೂಡ ಕಾಲವನ್ನು ಅಂಟಿಸಲಾರದೆ ಹೋಯಿತು.

ಆದರೆ ಶ್ರಾದ್ಧ ಮಾಡುವವರಿಗೆ ತಿಥಿ ಬೇಕು. ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆ. ಹನ್ನೆರಡು ವರ್ಷ ಕಾದು, ದರ್ಭೆಯಿಂದಲೋ ಮುತ್ತುಗದ ಎಲೆಯಿಂದಲೋ ಪ್ರತಿಕೃತಿ ಮಾಡಿ ಅದಕ್ಕೆ ಸಂಸ್ಕಾರ ಮಾಡುವ ಪದ್ಧತಿಯೂ ಇದೆ. ಇಷ್ಟು ದಾರಿಗಳಿದ್ದರೂ ಎಷ್ಟೋ ಮನೆಯವರು ಆ ಕಡೆ ತಿರುಗುವುದಿಲ್ಲ. ವಿಮೆಯ ಹಣ ಬರಬೇಕಾದರೆ, ಪಿಂಚಣಿ ಸಿಗಬೇಕಾದರೆ, ಜಮೀನಿನ ಖಾತೆ ಬದಲಾಗಬೇಕಾದರೆ ಸಿವಿಲ್ ದಾವೆ ಹೂಡಿ, ಅರ್ಜಿಯಲ್ಲಿ ‘ಮೃತಪಟ್ಟಿರುತ್ತಾರೆ’ ಎಂದು ಬರೆದು, ಕೆಳಗೆ ಹೆಂಡತಿಯೋ ತಾಯಿಯೋ ರುಜು ಹಾಕಬೇಕು. ವಕೀಲರು ಹಣ ಕೈತಪ್ಪುತ್ತದೆಂದು ತಿಳಿಹೇಳುತ್ತಾರೆ, ಮೈದುನಂದಿರು ಒತ್ತಾಯಿಸುತ್ತಾರೆ. ಆಕೆ ಏಳು ವರ್ಷದ ಹಿಂದಿನ ದೂರಿನ ಪ್ರತಿಯನ್ನೇ ಮತ್ತೆ ತೆಗೆದು ತೋರಿಸಿ, ಇದರಲ್ಲಿ ಏನು ಬರೆದಿದೆಯೋ ಅದನ್ನೇ ಬರೆಯಿರಿ ಎನ್ನುತ್ತಾಳೆ.