‘ಫೋಕ್‌ಲೋರ್’ ಪದದ ಅರ್ಥ ಮತ್ತು ಬಳಕೆ: ಕನ್ನಡದ ‘ಜಾನಪದ’ದ ಹಿನ್ನೆಲೆಯಲ್ಲಿ

ಇಂಗ್ಲಿಷಿನ ‘ಫೋಕ್‌ಲೋರ್’ ಎಂಬ ಪದ ಮೊದಲು ಅಚ್ಚಾದ ದಿನವನ್ನು ಖಚಿತವಾಗಿ ಹೇಳಬಹುದು. ಪದಗಳ ಚರಿತ್ರೆಯಲ್ಲಿ ಇಂಥ ಭಾಗ್ಯ ಅಪರೂಪ. 1846ರ ಆಗಸ್ಟ್ 22ರ ಸಂಚಿಕೆಯಲ್ಲಿ ಲಂಡನ್ನಿನ ‘ದಿ ಅಥೀನಿಯಮ್’ ವಾರಪತ್ರಿಕೆ ಆಂಬ್ರೋಸ್ ಮರ್ಟನ್ ಎಂಬ ಹೆಸರಿನ ಪತ್ರವೊಂದನ್ನು ಪ್ರಕಟಿಸಿತು. ಹೆಸರು ಕಲ್ಪಿತ, ಬರೆದವನು ವಿಲಿಯಂ ಜಾನ್ ಥಾಮ್ಸ್. ಜನರ ಆಚರಣೆ, ನಂಬಿಕೆ, ಲಾವಣಿ, ಗಾದೆಗಳನ್ನು ಅಲ್ಲಿಯವರೆಗೆ ಇಂಗ್ಲೆಂಡಿನ ವಿದ್ವಾಂಸರು ‘ಪಾಪ್ಯುಲರ್ ಆಂಟಿಕ್ವಿಟೀಸ್’ ಎಂದು ಕರೆಯುತ್ತಿದ್ದರು. ಲ್ಯಾಟಿನ್ ಮೂಲದ ಈ ಹೆಸರಿಗೆ ಬದಲಾಗಿ ಸ್ಯಾಕ್ಸನ್ ಮೂಲದ ಸಮಾಸವೊಂದನ್ನು ಥಾಮ್ಸ್ ಸೂಚಿಸಿದನು. ಜರ್ಮನಿಯಲ್ಲಿ ಯಾಕೋಬ್ ಗ್ರಿಮ್ ನಡೆಸಿದ್ದ ಕಾರ್ಯ ಅವನ ಕಣ್ಣೆದುರಿಗಿತ್ತು.

‘ಫೋಕ್’ ಎಂದರೆ ಜನ. ‘ಲೋರ್’ ಎಂದರೆ ಕಲಿತದ್ದು, ತಿಳಿವು. ಕಲಿಯುವುದು ಎಂಬ ಅರ್ಥದ ‘ಲರ್ನ್’ ಈ ಎರಡನೆಯ ಪದದ ಬಂಧು. ಹಳೆಯ ಹೆಸರು ವಸ್ತುವಿನ ಪ್ರಾಚೀನತೆಯನ್ನು ಎತ್ತಿ ಹೇಳುತ್ತಿದ್ದರೆ, ಹೊಸ ಹೆಸರು ಜನರಲ್ಲಿರುವ ತಿಳಿವನ್ನು ಮುಂದೆ ತಂದಿತು. ಥಾಮ್ಸನಿಗೆ ಸ್ವತಃ ಇದರ ವ್ಯಾಪ್ತಿ ಹೊಳೆದಿತ್ತೆಂದು ಹೇಳುವುದು ಕಷ್ಟ. ಅಳಿಯುತ್ತಿರುವುದನ್ನು ಆಯ್ದಿಡಬೇಕೆಂಬ ಆತಂಕವೇ ಅವನಲ್ಲಿ ಪ್ರಧಾನವಾಗಿತ್ತು. 1878ರಲ್ಲಿ ಲಂಡನ್ನಿನಲ್ಲಿ ‘ಫೋಕ್‌ಲೋರ್ ಸೊಸೈಟಿ’ ಸ್ಥಾಪನೆಯಾದ ಮೇಲೆ ಪದಕ್ಕೆ ಶಾಸ್ತ್ರದ ಮನ್ನಣೆ ದೊರೆಯಿತು. ಆರಂಭದಲ್ಲಿ ಎರಡು ಘಟಕಗಳ ನಡುವೆ ಇದ್ದ ಅಡ್ಡಗೆರೆ ಕ್ರಮೇಣ ಬಿಟ್ಟುಹೋಯಿತು.

ಬಳಕೆಯಲ್ಲಿ ಈ ಪದ ಒಂದೇ ಅರ್ಥದಲ್ಲಿ ನಿಲ್ಲಲಿಲ್ಲ. ಹಾಡು, ಕಥೆ, ಒಗಟು, ಆಚರಣೆಗಳೆಂಬ ಸಾಮಗ್ರಿಗೂ ಅದೇ ಹೆಸರು. ಆ ಸಾಮಗ್ರಿಯ ಅಧ್ಯಯನಕ್ಕೂ ಅದೇ ಹೆಸರು. ಈ ಗೊಂದಲ ಕಳೆಯಲೆಂದು ಅಧ್ಯಯನಕ್ಕೆ ‘ಫೋಕ್‌ಲೋರಿಸ್ಟಿಕ್ಸ್’ ಎಂಬ ಪದ ಬಳಕೆಗೆ ಬಂದಿತು. ಇವೆರಡರ ಜೊತೆಗೆ ದಿನಬಳಕೆಯ ಇಂಗ್ಲಿಷಿನಲ್ಲಿ ಮೂರನೆಯ ಅರ್ಥವೊಂದಿದೆ: ಆಧಾರವಿಲ್ಲದೆ ಬಾಯಿಂದ ಬಾಯಿಗೆ ಹರಡಿದ ಮಾತು. ಇಂಗ್ಲಿಷಿನಲ್ಲಿ ಒಂದು ಸಂಗತಿಯನ್ನು ‘ಬರಿಯ ಫೋಕ್‌ಲೋರ್’ ಎಂದು ತಳ್ಳಿಹಾಕಿದಾಗ ಕನ್ನಡಿಗರು ಹೇಳುವುದು ‘ಅಂತೆಕಂತೆ’ ಅಥವಾ ‘ಕಟ್ಟುಕಥೆ’ ಎಂದು. ಅಲ್ಲಿ ‘ಜಾನಪದ’ ಎಂದು ಅನುವಾದಿಸುವುದು ತಪ್ಪು. ಕನ್ನಡದ ಪದಕ್ಕೆ ಸುಳ್ಳಿನ ಛಾಯೆ ಅಂಟಿಲ್ಲವೆಂಬುದು ಸಣ್ಣ ಸಂಗತಿಯಲ್ಲ.

ಕನ್ನಡ ನಾಡಿನ ಸಾಮಗ್ರಿ ಈ ಇಂಗ್ಲಿಷ್ ಪದದ ತೆಕ್ಕೆಗೆ ಬಂದದ್ದು ವಸಾಹತು ಆಡಳಿತದ ಕಾಲದಲ್ಲಿ. 1871ರಲ್ಲಿ ಚಾರ್ಲ್ಸ್ ಗೋವರ್ ಪ್ರಕಟಿಸಿದ ದಕ್ಷಿಣ ಭಾರತದ ಜನಪದ ಗೀತೆಗಳ ಸಂಕಲನದಲ್ಲಿ ಕನ್ನಡದ ಹಾಡುಗಳಿಗೂ ಸ್ಥಾನವಿತ್ತು. 1880ರ ದಶಕದಲ್ಲಿ ಜೆ. ಎಫ್. ಫ್ಲೀಟ್ ಅವರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡದ ಲಾವಣಿಗಳನ್ನು ಅನುವಾದಸಹಿತ ಪ್ರಕಟಿಸಿದರು; ಸಂಗೊಳ್ಳಿ ರಾಯಣ್ಣನ ಲಾವಣಿ ಅವುಗಳಲ್ಲಿ ಒಂದು. ಆಳುವವರ ವಿರುದ್ಧ ದಂಗೆಯೆದ್ದವನ ಹಾಡನ್ನು ಆಳುವವರ ಅಧಿಕಾರಿಯೇ ಅಚ್ಚುಮಾಡಿಸಿದನೆಂಬುದು ಚೋದ್ಯವೇ ಸರಿ. ಆದರೆ 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ಸಂಕಲನಕ್ಕೆ ಇಂಗ್ಲಿಷ್ ಪದದ ಹಂಗು ಬೇಕಾಗಲಿಲ್ಲ. ಅವರು ಅದನ್ನು ‘ಗರತಿಯ ಹಾಡು’ ಎಂದು ಕರೆದರು. ಆ ಹೆಸರಿನಲ್ಲಿ ಹಾಡಿದವಳು ಎದ್ದು ಕಾಣುತ್ತಾಳೆ. ಮುಂದೆ ಶಾಸ್ತ್ರಕ್ಕೆ ಒಂದು ಸಾಮಾನ್ಯನಾಮ ಬೇಕಾದಾಗ ಅವಳು ‘ಜನಪದ’ದೊಳಗೆ ಕರಗಿದಳು.

ಆಯ್ದುಕೊಂಡ ಪದಕ್ಕೆ ತನ್ನದೇ ಆದ ದೀರ್ಘ ಚರಿತ್ರೆಯಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಜನಪದ’ ರಾಜ್ಯದ ಸಪ್ತಾಂಗಗಳಲ್ಲಿ ಒಂದು. ಅದರ ಅರ್ಥ ನಾಡು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಬಣ್ಣಿಸುವಾಗ ಬಳಸುವ ಪದವೂ ‘ಜನಪದ’ವೇ. ಆದಿಸ್ವರಕ್ಕೆ ವೃದ್ಧಿ ಬಂದು ಆದ ‘ಜಾನಪದ’ವೆಂದರೆ ಜನಪದಕ್ಕೆ ಸಂಬಂಧಿಸಿದ್ದು, ನಾಡಿನಲ್ಲಿ ನೆಲೆಸಿದವನು. ಸಂಸ್ಕೃತ ಗ್ರಂಥಗಳಲ್ಲಿ ಅದು ‘ಪೌರ’ದ ಜೊತೆಗೆ ಬರುತ್ತದೆ: ಪೌರ ನಗರದವನು, ಜಾನಪದ ನಗರದ ಹೊರಗಿನವನು. ಇಂಗ್ಲಿಷಿನ ಪದದೊಳಗೆ ಕಾಣದ ಗಡಿಯೊಂದು ಹೀಗೆ ಕನ್ನಡದ ಪದದೊಳಗೆ ಮೊದಲಿನಿಂದಲೂ ಇತ್ತು.

ಈ ಗಡಿಯ ಪರಿಣಾಮ ಸಂಗ್ರಹಕಾರ್ಯದ ಮೇಲಾಗಿದೆ. ಅಲನ್ ಡಂಡೆಸ್ 1960ರ ದಶಕದಲ್ಲಿ ‘ಫೋಕ್’ ಪದವನ್ನು ಹಳ್ಳಿಯ ಕಟ್ಟಿನಿಂದ ಬಿಡಿಸಿದರು. ವೃತ್ತಿ, ಭಾಷೆ, ಧರ್ಮ, ಹೀಗೆ ಯಾವುದಾದರೂ ಒಂದು ಸಮಾನ ಅಂಶವುಳ್ಳ ಯಾವುದೇ ಗುಂಪು ‘ಫೋಕ್’ ಎಂಬುದು ಅವರ ನಿಲುವು. ಮಹಾನಗರದ ಸಂಸಾರಕ್ಕೂ ಜಾನಪದ ದೂರದ್ದಲ್ಲ, ಅಜ್ಜಿಯ ಬಳಿಯೇ ಇದೆ ಎಂಬ ತಿಳಿವಳಿಕೆ ಎ. ಕೆ. ರಾಮಾನುಜನ್ ಅವರ ಬರಹಗಳಲ್ಲಿಯೂ ಇದೆ. ಕನ್ನಡದ ವಿದ್ವಾಂಸರು ಈ ವ್ಯಾಖ್ಯಾನಗಳನ್ನು ಅರಿಯದವರಲ್ಲ. ಆದರೂ ಕ್ಷೇತ್ರಕಾರ್ಯವೆಂದರೆ ಹಳ್ಳಿಗೆ ಹೋಗುವುದು ಎಂಬ ರೂಢಿ ಬಹುಕಾಲ ಉಳಿಯಿತು. ಗಿರಣಿ ಕಾರ್ಮಿಕರ ಮಾತುಗಳು, ಬಸ್ ನಿರ್ವಾಹಕರ ಹಾಸ್ಯ, ವಿದ್ಯಾರ್ಥಿನಿಲಯಗಳ ದೆವ್ವದ ಕಥೆಗಳಿಗೆ ಬೀಸುವ ಪದಕ್ಕೆ ಸಿಕ್ಕ ಗೌರವದ ಸಣ್ಣ ಪಾಲೂ ಸಿಗಲಿಲ್ಲ. ಇದಕ್ಕೆ ಪದವೊಂದೇ ಕಾರಣವೆನ್ನಲಾಗದು. ಪದ ಅದಕ್ಕೆ ಅನುಕೂಲ ಮಾಡಿಕೊಟ್ಟಿತೆನ್ನಬಹುದು.

‘ಜನಪದ’, ‘ಜಾನಪದ’ಗಳ ಬಳಕೆಯಲ್ಲಿಯೂ ಏಕರೂಪತೆ ಮೂಡಿಲ್ಲ. ಮೊದಲನೆಯದನ್ನು ಜನರಿಗೂ ಎರಡನೆಯದನ್ನು ಅವರ ತಿಳಿವು ಮತ್ತು ಅದರ ಅಧ್ಯಯನಕ್ಕೂ ಮೀಸಲಿಡುವುದು ಸಾಮಾನ್ಯವಾಗಿ ಒಪ್ಪಿತವಾದ ಕ್ರಮ. 1979ರ ಕರ್ನಾಟಕ ಜಾನಪದ ಪರಿಷತ್ತು, 2011ರಲ್ಲಿ ಗೊಟಗೋಡಿಯಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಎರಡನೆಯ ರೂಪವನ್ನೇ ಹಿಡಿದಿವೆ. ಹೀಗಿದ್ದೂ ‘ಜನಪದ ಸಾಹಿತ್ಯ’, ‘ಜಾನಪದ ಸಾಹಿತ್ಯ’ ಎರಡೂ ಅಕ್ಕಪಕ್ಕದಲ್ಲಿ ಅಚ್ಚಾಗುತ್ತವೆ. ನೆರೆಭಾಷೆಗಳ ದಾರಿ ಬೇರೆಬೇರೆ. ತೆಲುಗಿನವರು ‘ಜಾನಪದ’ವನ್ನೇ ಒಪ್ಪಿದರೆ, ಮರಾಠಿ ಮತ್ತು ಹಿಂದಿಗಳು ‘ಲೋಕ’ವನ್ನು ಹಿಡಿದವು. ಕೇರಳದ ಅಕಾಡೆಮಿ ‘ಫೋಕ್‌ಲೋರ್’ ಎಂಬ ಇಂಗ್ಲಿಷ್ ಪದವನ್ನೇ ಹೆಸರಿನಲ್ಲಿ ಉಳಿಸಿಕೊಂಡಿತು.

ಹಾಡುವವರ ಬಾಯಲ್ಲಿ ಇವುಗಳಲ್ಲಿ ಯಾವುದೂ ಮೂಲತಃ ಇರಲಿಲ್ಲ. ನೀಲಗಾರರು ಮಂಟೇಸ್ವಾಮಿಯ ‘ಕಥೆ’ ಮಾಡುತ್ತಾರೆ. ಅದನ್ನು ‘ಕಾವ್ಯ’ವೆಂದವರು ಸಂಪಾದಕರು. ಕಂಸಾಳೆಯವರಿಗೆ ಮಲೆಯ ಮಾದೇಶ್ವರನ ಕಥೆಯ ಭಾಗಗಳು ‘ಸಾಲು’ಗಳು. ‘ಜಾನಪದ ಕಲಾವಿದ’ ಎಂಬ ಹೆಸರು ಅವರನ್ನು ತಲುಪಿದ್ದು ಆಕಾಶವಾಣಿ, ಉತ್ಸವದ ವೇದಿಕೆ, ಮಾಸಾಶನದ ಅರ್ಜಿಗಳ ಮೂಲಕ. ಆ ಅರ್ಜಿಯಲ್ಲಿ ಕಲಾಪ್ರಕಾರವನ್ನು ನಮೂದಿಸಬೇಕಾದ ಸ್ಥಳದಲ್ಲಿ ದೇವರಗುಡ್ಡನೊಬ್ಬ ತನ್ನ ಒಕ್ಕಲಿನ ಸೇವೆಯನ್ನು ಕಲೆಯೆಂದು ಬರೆಸಬೇಕಾಗುತ್ತದೆ.