ಸಹಿ ಹಾಕದೆ ಉಳಿದ ಒಬ್ಬ ಮಗ: ಅನ್ನೆಕೆ ಯಾನ್ಸ್ ವಂಶ ಹುಡುಕಿದವರ ಕಥೆ

ಕ್ರಯಪತ್ರಕ್ಕೆ ಅಣ್ಣತಮ್ಮಂದಿರಲ್ಲಿ ಒಬ್ಬರ ಕಡೆಯವರು ಸಹಿ ಹಾಕದೆ ಉಳಿದರೆ ಮುಂದೆ ಏನಾಗುತ್ತದೆ ಅಂತ ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ವಾಯಿದೆಗೆ ಕಾದು ಕೂತವರನ್ನು ಮಾತಾಡಿಸಿದರೆ ಸಾಕು, ಅಂಥ ಕಥೆಗಳೇ ಬರುತ್ತವೆ. ಜಿಲ್ಲಾ ವರದಿಗೆಂದು ಓಡಾಡುವ ನಾವು ಅವನ್ನು ಎಷ್ಟೋ ಸಲ ಬರೆದಿದ್ದೇವೆ.

ಈ ಸಲ ಹೇಳುತ್ತಿರುವುದು ಅಮೆರಿಕದ ನ್ಯೂಯಾರ್ಕ್ ನಗರದ ಕಥೆ. ಅಲ್ಲಿ 62 ಎಕರೆ ಜಮೀನಿನ ಕ್ರಯಪತ್ರಕ್ಕೆ ಒಬ್ಬ ಮಗನ ಕಡೆಯವರು ಸಹಿ ಹಾಕಲಿಲ್ಲ. ಅದು ನಡೆದದ್ದು 1671ರಲ್ಲಿ. ಆ ಒಂದು ಸಹಿಯನ್ನು ಹಿಡಿದುಕೊಂಡು ಇನ್ನೂರೈವತ್ತು ವರ್ಷ ಜನ ಕೋರ್ಟಿಗೆ ಅಲೆದರು, ಸಂಘ ಕಟ್ಟಿದರು, ಚಂದಾ ಕೊಟ್ಟರು, ಕೈಸುಟ್ಟುಕೊಂಡರು. ಜಮೀನು ಯಾರಿಗೂ ಸಿಗಲಿಲ್ಲ. ಆದರೆ ಆ ಜಮೀನಿನ ಒಡತಿ ಯಾರು ಎಂದು ಕಾಗದ ಹಿಡಿದು ತಾಳ್ಮೆಯಿಂದ ಹುಡುಕಿದವರಿಗೆ ಬೇರೆಯೇ ಒಂದು ಆಸ್ತಿ ಸಿಕ್ಕಿತು.

ಆಕೆಯ ಹೆಸರು ಅನ್ನೆಕೆ ಯಾನ್ಸ್.

ನ್ಯೂಯಾರ್ಕ್ ಡಚ್ಚರದ್ದಾಗಿದ್ದಾಗ

ಈಗಿನ ನ್ಯೂಯಾರ್ಕ್ ಮೊದಲು ಡಚ್ಚರ ವಸಾಹತು. ಊರಿನ ಹೆಸರು ನ್ಯೂ ಆಮ್‌ಸ್ಟರ್‌ಡ್ಯಾಮ್, ಇಡೀ ಸೀಮೆಯ ಹೆಸರು ನ್ಯೂ ನೆದರ್ಲೆಂಡ್. ಡಚ್ ವೆಸ್ಟ್ ಇಂಡಿಯಾ ಕಂಪನಿ ಅದನ್ನು ನಡೆಸುತ್ತಿತ್ತು. ಡಚ್ಚರ ವಸಾಹತು ಅಂದ ಮಾತ್ರಕ್ಕೆ ಬಂದವರೆಲ್ಲ ಡಚ್ಚರಲ್ಲ. ದುಡಿಮೆ ಹುಡುಕಿ ಆಮ್‌ಸ್ಟರ್‌ಡ್ಯಾಮಿಗೆ ಬಂದ ನಾನಾ ದೇಶದವರು ಅಲ್ಲಿಂದ ಹಡಗು ಹತ್ತುತ್ತಿದ್ದರು. ಅನ್ನೆಕೆಯೂ ಹಾಗೆ ಬಂದವಳೇ. ಹುಟ್ಟಿದ್ದು ನಾರ್ವೆ ದೇಶದ ಫ್ಲೆಕೆರೊಯ್ ಎಂಬ ಸಣ್ಣ ದ್ವೀಪದಲ್ಲಿ, ಸುಮಾರು 1605ರಲ್ಲಿ.

1623ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆಕೆಯ ಮದುವೆ ನೋಂದಣಿಯಾಗಿದೆ. ಗಂಡ ರೂಲೋಫ್ ಯಾನ್ಸೆನ್, ಹಡಗಿನ ಕೆಲಸಗಾರ. 1630ರಲ್ಲಿ ಗಂಡ ಹೆಂಡತಿ ಚಿಕ್ಕ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಮೆರಿಕಕ್ಕೆ ಬಂದರು. ಹಡ್ಸನ್ ನದಿಯ ಮೇಲ್ಭಾಗದಲ್ಲಿ ಕಿಲಿಯಾನ್ ವಾನ್ ರೆನ್ಸೆಲೇರ್ ಎಂಬ ವಜ್ರದ ವ್ಯಾಪಾರಿಯ ದೊಡ್ಡ ಜಹಗೀರು ಇತ್ತು. ಅಲ್ಲಿ ವರ್ಷಕ್ಕೆ 180 ಗಿಲ್ಡರ್ ಸಂಬಳಕ್ಕೆ ರೂಲೋಫ್ ಬೇಸಾಯ ಮಾಡಿದ. ಸಮುದ್ರ ಬಲ್ಲವನಿಗೆ ನೇಗಿಲು ಹಿಡಿಯುವ ಕೆಲಸ. ನಾಲ್ಕೈದು ವರ್ಷಕ್ಕೆ ಸಾಕಾಯಿತು, ಸಂಸಾರ ಮ್ಯಾನ್‌ಹ್ಯಾಟನ್‌ಗೆ ಇಳಿದು ಬಂತು. ಅನ್ನೆಕೆಯ ತಾಯಿ ಟ್ರೈನ್ ಯೋನಾಸ್ ಅಲ್ಲಿ ಕಂಪನಿಯ ಸೂಲಗಿತ್ತಿ.

1636ರಲ್ಲಿ ಗವರ್ನರ್ ವಾನ್ ಟ್ವಿಲ್ಲರ್ ರೂಲೋಫ್‌ಗೆ ನದಿ ದಂಡೆಯ 62 ಎಕರೆ ಬರೆದುಕೊಟ್ಟ. ಈಗಿನ ಟ್ರೈಬೆಕಾ ಬಡಾವಣೆಯ ಸುತ್ತಮುತ್ತ ಬರುವ ಜಾಗ ಅದು. ಆಗ ಕಾಡು ಕಡಿದು ಹದ ಮಾಡಬೇಕಾದ ನೆಲ. ಅದಕ್ಕೂ ಮೊದಲು ಲೆನಾಪೆ ಎಂಬ ಮೂಲನಿವಾಸಿ ಜನ ಓಡಾಡಿ ಬದುಕಿದ್ದ ನೆಲ. ಈ ಒಂದು ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜಮೀನು ಕೈಗೆ ಬಂದ ಸ್ವಲ್ಪ ದಿನಕ್ಕೇ ರೂಲೋಫ್ ತೀರಿಕೊಂಡ. ಮಕ್ಕಳ ತಾಯಿ ಅನ್ನೆಕೆ 1638ರಲ್ಲಿ ಊರಿನ ಪಾದ್ರಿ ಎವೆರಾರ್ಡಸ್ ಬೊಗಾರ್ಡಸ್‌ನನ್ನು ಮದುವೆಯಾದಳು. ಅಲ್ಲಿಂದ ಆ ಹೊಲಕ್ಕೆ ಪಾದ್ರಿಯ ಹೊಲ ಅಂತಲೇ ಹೆಸರು ಬಿತ್ತು. ಎರಡನೇ ಮದುವೆಯಲ್ಲಿ ನಾಲ್ಕು ಗಂಡುಮಕ್ಕಳು: ವಿಲೆಮ್, ಕಾರ್ನೆಲಿಸ್, ಯೋನಾಸ್, ಪೀಟರ್. ಈ ಕಾರ್ನೆಲಿಸ್ ಹೆಸರನ್ನೂ ನೆನಪಿಡಿ.

ಕಾಗದದಲ್ಲಿ ಕಾಣುವ ಹೆಣ್ಣು

ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳುತ್ತಾರೆ. ಅನ್ನೆಕೆಯ ವಂಶಕ್ಕೆ ಹಾಗೆ ಹೇಳುವವರಿರಲಿಲ್ಲ. ಅಲ್ಲಿ ಕಾಗದವೇ ಹೆಳವ. ಆ ಕಾಗದ ಉಳಿದದ್ದೂ ಒಂದು ಪುಣ್ಯ. ವೆಸ್ಟ್ ಇಂಡಿಯಾ ಕಂಪನಿಯ ಹಳೆಯ ದಫ್ತರಗಳನ್ನು 1821ರಲ್ಲಿ ಹಾಲೆಂಡಿನಲ್ಲಿ ರದ್ದಿಗೆ ಮಾರಿಬಿಟ್ಟರು. ಅಮೆರಿಕದಲ್ಲೇ ಉಳಿದಿದ್ದ ಕಾಗದಗಳಿಗೆ 1911ರಲ್ಲಿ ಬೆಂಕಿ ತಗುಲಿತು, ಆಲ್ಬನಿ ನಗರದ ರಾಜ್ಯ ಗ್ರಂಥಾಲಯ ಹೊತ್ತಿ ಉರಿಯಿತು. ಡಚ್ ಕಾಲದ ಪುಸ್ತಕಗಳು ಕೆಳಗಿನ ಹಲಗೆಯಲ್ಲಿದ್ದವು, ಮೇಲಿನ ಇಂಗ್ಲಿಷ್ ಕಾಲದ ಪುಸ್ತಕಗಳು ಅವುಗಳ ಮೇಲೆ ಬಿದ್ದು ಮುಚ್ಚಿಕೊಂಡವು. ಅಂಚು ಸುಟ್ಟರೂ ಬಹಳಷ್ಟು ಉಳಿಯಿತು. 1974ರಿಂದ ಚಾರ್ಲ್ಸ್ ಗೇರಿಂಗ್ ಎಂಬ ವಿದ್ವಾಂಸರು ಅವನ್ನು ಇಂಗ್ಲಿಷಿಗೆ ತಂದರು. ಈಗ ಆ ಅನುವಾದಗಳಲ್ಲಿ ಹಲವನ್ನು ಮೊಬೈಲಿನಲ್ಲೇ ಪುಕ್ಕಟೆ ಓದಬಹುದು.

ಓದಿದರೆ ಏನು ಸಿಗುತ್ತದೆ? ಒಂದು ಮಾನಹಾನಿ ಮೊಕದ್ದಮೆ ಸಿಗುತ್ತದೆ, 1638ರದ್ದು. ಪಾದ್ರಿಯ ಹೆಂಡತಿ ಬೀದಿಯಲ್ಲಿ ಲಂಗ ಎತ್ತಿ ಕಾಲು ತೋರಿಸಿದಳು ಎಂದು ಗ್ರೀಟ್ಯೆ ಎಂಬ ಹೆಂಗಸು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಸಾಕ್ಷಿಗಳು ಬಂದು ಹೇಳಿದ್ದು ಇಷ್ಟು: ಕಮ್ಮಾರನ ಅಂಗಡಿ ಮುಂದೆ ಕೆಸರಿತ್ತು, ಲಂಗ ಕೊಳೆಯಾಗದಿರಲಿ ಅಂತ ಆಕೆ ಸ್ವಲ್ಪ ಎತ್ತಿ ಹಿಡಿದಳು, ಅಷ್ಟೇ. ಗ್ರೀಟ್ಯೆ ಕೋಟೆಗೆ ಬಂದು ಎಲ್ಲರೆದುರು ತಾನು ಹೇಳಿದ್ದು ಸುಳ್ಳು ಅಂತ ಒಪ್ಪಿಕೊಳ್ಳಬೇಕಾಯಿತು. ಸುಮಾರು ನಾನ್ನೂರು ವರ್ಷದ ಹಿಂದಿನ ಒಂದು ಕೆಸರಿನ ಬೀದಿ, ಒಬ್ಬ ಕಮ್ಮಾರ, ಊರ ಬಾಯಿ. ಹಳ್ಳಿಯಲ್ಲಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ!

1642ರಲ್ಲಿ ಹಿರಿಮಗಳು ಸಾರಾಳ ಮದುವೆ, ಹುಡುಗ ವೈದ್ಯ ಹಾನ್ಸ್ ಕೀರ್ಸ್ಟೆಡೆ. ಊರಿಗೆ ಹೊಸ ಚರ್ಚ್ ಕಟ್ಟಲು ಹಣ ಬೇಕಿತ್ತು. ಗವರ್ನರ್ ಕೀಫ್ಟ್ ಮದುವೆ ಊಟದಲ್ಲಿ ನಾಲ್ಕೈದು ಸುತ್ತು ಕುಡಿತ ಆಗುವವರೆಗೆ ಸುಮ್ಮನಿದ್ದು, ಆಮೇಲೆ ಚಂದಾ ಪಟ್ಟಿ ಹಿಡಿದು ಬಂದ. ಅಮಲಿನಲ್ಲಿದ್ದವರು ಒಬ್ಬರಿಗಿಂತ ಒಬ್ಬರು ಹೆಚ್ಚು ಬರೆದರು. ಬೆಳಿಗ್ಗೆ ಎದ್ದು ಪೇಚಾಡಿದರೂ ಬಿಡಲಿಲ್ಲ, ಕಟ್ಟಲೇಬೇಕಾಯಿತು. ಈ ಸಾರಾ ಮೂಲನಿವಾಸಿಗಳ ಭಾಷೆ ಕಲಿತು, ಒಪ್ಪಂದದ ಮಾತುಕತೆಗಳಲ್ಲಿ ದುಭಾಷಿಯಾಗಿ ನಿಂತವಳು. ಒರಾಟಮ್ ಎಂಬ ಅವರ ಮುಖಂಡ ಆಕೆಗೆ ಎರಡು ಸಾವಿರ ಎಕರೆಗೂ ಮಿಕ್ಕ ಭೂಮಿ ಕೊಟ್ಟ.

ಪಾದ್ರಿಗೂ ಗವರ್ನರ್ ಕೀಫ್ಟ್‌ಗೂ ಆಮೇಲೆ ಕೆಟ್ಟಿತು. ಮೂಲನಿವಾಸಿಗಳ ಮೇಲೆ ಕೀಫ್ಟ್ ಹೂಡಿದ ಯುದ್ಧವನ್ನು ಬೊಗಾರ್ಡಸ್ ಚರ್ಚಿನಲ್ಲೇ ನಿಂತು ಬೈದ. 1647ರಲ್ಲಿ ಇಬ್ಬರೂ ತಮ್ಮ ತಮ್ಮ ವಾದ ಹೇಳಿಕೊಳ್ಳಲು ಹಾಲೆಂಡಿಗೆ ಒಂದೇ ಹಡಗು ಹತ್ತಿದರು. ಅದು ವೇಲ್ಸ್ ಕರಾವಳಿಯ ಸ್ವಾನ್ಸೀ ಬಳಿ ಮುಳುಗಿತು. ಇಬ್ಬರೂ ಸತ್ತರು. ಎರಡನೇ ಸಲ ವಿಧವೆಯಾದ ಅನ್ನೆಕೆ ಮಕ್ಕಳೊಂದಿಗೆ ಬೆವರ್‌ವೈಕ್ ಎಂಬ ಊರಿಗೆ ಹೋಗಿ ನೆಲೆಸಿದಳು. ಈಗಿನ ಆಲ್ಬನಿ ಅದೇ.

ಬೆಳ್ಳಿ ಲೋಟಗಳು

1663ರ ಜನವರಿಯಲ್ಲಿ ಆಕೆ ಮರಣಪತ್ರ ಬರೆಸಿದಳು. ಕೊನೆಯಲ್ಲಿ ಅಕ್ಷರದ ಸಹಿ ಇಲ್ಲ, ಆಕೆ ಹಾಕಿದ ಗುರುತು ಇದೆ. ಮೊಮ್ಮಕ್ಕಳಿಗೆ ಒಂದೊಂದು ಬೆಳ್ಳಿ ಲೋಟ. ಸಾರಾಳ ಮಗನಿಗೆ ಒಂದು, ಟ್ರೈನ್ಟ್ಯೆಯ ಮಗಳಿಗೆ ಒಂದು, ಹೀಗೆ. ಯಾವ ಮೊಮ್ಮಗು ಯಾರ ಹೊಟ್ಟೆಯದು ಅಂತ ಹೆಸರು ಸಮೇತ ಹೇಳುವ ಈ ಲೋಟದ ಸಾಲುಗಳೇ ವಂಶ ಹುಡುಕುವವರಿಗೆ ಗಟ್ಟಿ ಆಧಾರ.

ಯಾಕೆಂದರೆ ಡಚ್ ವಸಾಹತಿನ ಹೆಸರುಗಳು ಮೊದಲಿಗೆ ತಲೆ ಕೆಡಿಸುತ್ತವೆ. ಯಾನ್ಸ್ ಅಂದರೆ ಮನೆತನದ ಹೆಸರಲ್ಲ, ಯಾನ್ ಎಂಬುವನ ಮಗಳು ಅಂತ ಅರ್ಥ. ಗಂಡ ಯಾನ್ಸೆನ್ ಅಂದರೆ ಬೇರೊಬ್ಬ ಯಾನ್‌ನ ಮಗ. ಅವರ ಮಕ್ಕಳು ರೂಲೋಫ್ಸ್. ತಲೆಮಾರಿಗೊಮ್ಮೆ ಎರಡನೇ ಹೆಸರು ಬದಲು. ಹೆಸರಿನ ಹಿಂದೆ ಓಡಿದವರು ದಾರಿ ತಪ್ಪುತ್ತಾರೆ. ಆದರೆ ಒಂದು ಅನುಕೂಲವೂ ಇದೆ. ಮದುವೆಯಾದ ಮೇಲೂ ಹೆಂಗಸರು ಅಪ್ಪನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು, ಹಾಗಾಗಿ ತಾಯಿ ಕಡೆಯ ದಾರಿ ಕಡಿದುಹೋಗುವುದಿಲ್ಲ. ಚರ್ಚಿನ ನಾಮಕರಣ ಪುಸ್ತಕ 1639ರಿಂದ ಸಿಗುತ್ತದೆ. ಮಗುವಿನ ಪಕ್ಕ ಸಾಕ್ಷಿ ನಿಂತವರ ಹೆಸರೂ ಇರುತ್ತದೆ. ಅವರು ಹೆಚ್ಚಾಗಿ ಅತ್ತೆ, ಮಾವ, ಅಜ್ಜಿ. ಮೊದಲ ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರಿಡುವ ರೂಢಿಯೂ ನಮ್ಮಲ್ಲಿದ್ದ ಹಾಗೇ ಇತ್ತು.

ಉಳಿದ ಸಹಿ

ಅನ್ನೆಕೆ ಅದೇ 1663ರಲ್ಲಿ ತೀರಿಕೊಂಡಳು. ಮರುವರ್ಷ ಇಂಗ್ಲಿಷರು ವಸಾಹತನ್ನು ವಶಪಡಿಸಿಕೊಂಡರು, ಊರು ನ್ಯೂಯಾರ್ಕ್ ಆಯಿತು. 1667ರಲ್ಲಿ ಇಂಗ್ಲಿಷ್ ಗವರ್ನರ್ ಜಮೀನು ವಾರಸುದಾರರದ್ದೇ ಅಂತ ಪತ್ರ ಕೊಟ್ಟ. 1671ರಲ್ಲಿ ವಾರಸುದಾರರು ಅದನ್ನು ಆಗಿನ ಗವರ್ನರ್ ಲವ್‌ಲೇಸ್‌ಗೆ ಮಾರಿದರು. ಅಷ್ಟರಲ್ಲಿ ಮಗ ಕಾರ್ನೆಲಿಸ್ ಸತ್ತು ಐದು ವರ್ಷವಾಗಿತ್ತು. ಅವನ ಕಡೆಯ ಸಹಿ ಕ್ರಯಪತ್ರದಲ್ಲಿ ಬರಲಿಲ್ಲ.

ಲವ್‌ಲೇಸ್ ಕೈಯಿಂದ ಜಮೀನು ಸರ್ಕಾರಕ್ಕೆ ಹೋಯಿತು. 1705ರಲ್ಲಿ ಇಂಗ್ಲೆಂಡಿನ ರಾಣಿ ಆ್ಯನ್ ಹೆಸರಿನಲ್ಲಿ ಅದನ್ನು ನ್ಯೂಯಾರ್ಕಿನ ಟ್ರಿನಿಟಿ ಚರ್ಚಿಗೆ ಕೊಡಲಾಯಿತು. ಊರು ಬೆಳೆದು ಹೊಲದ ಮೇಲೆ ಬೀದಿ, ಗೋದಾಮು, ಮಹಡಿ ಎದ್ದವು. ಮ್ಯಾನ್‌ಹ್ಯಾಟನ್‌ನಲ್ಲಿ ಈ ಚರ್ಚಿಗಿರುವ ಆಸ್ತಿ ಇವತ್ತು ನೂರಾರು ಕೋಟಿ ಡಾಲರ್ ಬಾಳುತ್ತದೆ.

ಬೆಲೆ ಏರಿದ ಹಾಗೆ ವಾರಸುದಾರರಿಗೆ ಆ ಸಹಿ ನೆನಪಾಯಿತು. 18ನೇ ಶತಮಾನದಲ್ಲೇ ಕೆಲವರು ಜಮೀನಿಗೆ ನುಗ್ಗಿದರು, ಬೇಲಿ ಜಗಳ ನಡೆಯಿತು. 19ನೇ ಶತಮಾನದಲ್ಲಿ ದಾವೆಯ ಮೇಲೆ ದಾವೆ. 1847ರಲ್ಲಿ ನ್ಯಾಯಾಧೀಶ ಸ್ಯಾಂಡ್‌ಫರ್ಡ್ ಉದ್ದದ ತೀರ್ಪು ಬರೆದು ಚರ್ಚಿನ ಪರ ನಿಂತರು. ನೂರು ವರ್ಷಕ್ಕೂ ಮಿಕ್ಕಿ ಒಬ್ಬರ ಅನುಭವದಲ್ಲಿರುವ ಜಮೀನನ್ನು ಇಷ್ಟು ತಡವಾಗಿ ಬಂದು ಕೇಳಿದರೆ ಕಾನೂನು ಕೊಡುವುದಿಲ್ಲ ಎಂಬುದು ಅದರ ಸಾರ.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ವಾರಸುದಾರರ ಸಂಘಗಳು ಹುಟ್ಟಿದವು. ಸದಸ್ಯತ್ವಕ್ಕೆ ದುಡ್ಡು, ವಕೀಲರಿಗೆ ದುಡ್ಡು, ವಂಶವೃಕ್ಷ ಮಾಡಿಸಲು ದುಡ್ಡು. ಆಸೆ ಹುಟ್ಟಿಸಲು ಹೊಸ ಕಥೆಯೂ ಬಂತು: ಅನ್ನೆಕೆ ಸಾಮಾನ್ಯಳಲ್ಲ, ಡಚ್ಚರ ರಾಷ್ಟ್ರಪಿತ ಆರೆಂಜ್‌ನ ವಿಲಿಯಂನ ಮೊಮ್ಮಗಳು, ಹಾಲೆಂಡಿನಲ್ಲೂ ಆಕೆಯ ಪಾಲಿನ ರಾಜನಿಧಿ ಕಾದಿದೆ! ದೂರದ ರಾಜ್ಯಗಳ ರೈತರು, ಮೇಷ್ಟ್ರುಗಳು, ವಿಧವೆಯರು ಉಳಿಸಿದ ಕಾಸು ಕಳಿಸಿದರು. ನಿಧಿ ಇರಲಿಲ್ಲ, ರಾಜಕುಮಾರಿಯೂ ಇರಲಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ 1,024 ಪೂರ್ವಜರ ಜಾಗ ಇರುತ್ತದೆ. ಹಾಗೇ ಒಬ್ಬ ಅಜ್ಜಿಯಿಂದ ಕೆಳಕ್ಕೆ ಇಳಿದರೆ ಸಾವಿರಾರು ಜನ ಬರುತ್ತಾರೆ. ಗೆದ್ದಿದ್ದರೂ ಒಬ್ಬೊಬ್ಬರಿಗೆ ಬರುತ್ತಿದ್ದ ಪಾಲು ಎಷ್ಟು ಅಂತ ಯಾರೂ ಕೂತು ಭಾಗಾಕಾರ ಮಾಡಲಿಲ್ಲ. ಅಷ್ಟೇ ಅಲ್ಲ, 1636ಕ್ಕಿಂತ ಹಿಂದೆ ಈ ನೆಲ ಯಾರದ್ದಾಗಿತ್ತು ಎಂಬ ಪ್ರಶ್ನೆ ಆ ಜಗಳಕ್ಕೆ ಬೇಕಾಗಿರಲಿಲ್ಲ. ಲೆನಾಪೆ ಜನ ಅಷ್ಟು ಹೊತ್ತಿಗೆ ಊರೂರು ಅಟ್ಟಿಸಿಕೊಂಡು ದೂರದ ಪಶ್ಚಿಮಕ್ಕೆ ಹೋಗಿಯಾಗಿತ್ತು.

ಅಜ್ಜಿ ಸಿಕ್ಕಿದ್ದು

ರಾಜಕುಮಾರಿಯ ಕಟ್ಟುಕಥೆ ಮುರಿದದ್ದು ಕೋರ್ಟಿನಲ್ಲಲ್ಲ. ಆಸ್ತಿಯ ಹಂಗಿಲ್ಲದೆ ಹುಡುಕಿದ ವಂಶಾವಳಿ ಸಂಶೋಧಕರಿಂದ. ಆಮ್‌ಸ್ಟರ್‌ಡ್ಯಾಮಿನ ಮದುವೆ ಪುಸ್ತಕದ ಆ ಸಾಲು ಸಿಕ್ಕಿತು: ಅನ್ನೆಕೆ ನಾರ್ವೆಯ ದ್ವೀಪದವಳು, ವಯಸ್ಸು 18. 1973ರಲ್ಲಿ ಜಾರ್ಜ್ ಜಾಬ್ರಿಸ್ಕಿ ಎಂಬ ಸಂಶೋಧಕರು ನಿಜ ಯಾವುದು, ಕಥೆ ಯಾವುದು ಎಂದು ಬಿಡಿಸಿ ಬರೆದರು. ಅರಮನೆ ಬಿದ್ದುಹೋಯಿತು, ಹಡಗಿನ ಆಳಿನ ಹೆಂಡತಿ ಎದ್ದು ನಿಂತಳು. ಸೂಲಗಿತ್ತಿಯ ಮಗಳು, ಎರಡು ಸಲ ವಿಧವೆ, ಮೊಮ್ಮಕ್ಕಳಿಗೆ ಬೆಳ್ಳಿ ಲೋಟ ಇಟ್ಟು ಹೋದ ಅಜ್ಜಿ.

ನಮಗನ್ನಿಸುವುದು ಇಷ್ಟು. ಪಾಲು ಬರುತ್ತದೆ ಅಂತ ಮನಸ್ಸಿನಲ್ಲಿಟ್ಟುಕೊಂಡು ವಂಶ ಹುಡುಕಿದರೆ, ನಮಗೆ ಬೇಕಾದ ಅಜ್ಜಿಯೇ ಸಿಗುತ್ತಾಳೆ. ಇದ್ದ ಅಜ್ಜಿ ಬೇಕೆಂದರೆ ಹತ್ತಿರದವರಿಂದ ಶುರು ಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು, ಪ್ರತಿ ಮೆಟ್ಟಿಲಿಗೂ ಒಂದು ಕಾಗದವೋ ಒಬ್ಬ ಸಾಕ್ಷಿಯೋ ಬೇಕು. ಸಿಕ್ಕವರು ದೊಡ್ಡ ಮನುಷ್ಯರಲ್ಲದಿದ್ದರೂ ಒಪ್ಪಿಕೊಳ್ಳಬೇಕು.

ಅನ್ನೆಕೆಯ ಮಕ್ಕಳ ಮಕ್ಕಳಿಗೆ 62 ಎಕರೆ ದಕ್ಕಲಿಲ್ಲ. ಆದರೆ ಕೆಸರಿನ ಬೀದಿಯಲ್ಲಿ ಲಂಗದ ಅಂಚು ಎತ್ತಿ ಹಿಡಿದು ನಡೆದು ಹೋದ ಆ ಹೆಂಗಸು ತಮ್ಮವಳು ಎಂದು ಕಾಗದ ತೋರಿಸಿ ಹೇಳಬಲ್ಲರು. ಅದಕ್ಕೆ ಯಾರ ಸಹಿಯೂ ಬಾಕಿ ಇಲ್ಲ.