ಎರಡು ಬಾರಿ ಹೂತ ಹೆಣಗಳು: ಸ್ರೆಬ್ರೆನಿತ್ಸಾದಲ್ಲಿ ಕಾಣೆಯಾದವರ ಚರಿತ್ರೆ

1995ರ ಸೆಪ್ಟೆಂಬರ್ 14ರಂದು ಬೋಸ್ನಿಯನ್ ಸರ್ಬ್ ಸೈನ್ಯದ ಕೇಂದ್ರ ಕಚೇರಿಯಿಂದ ಒಂದು ಆದೇಶ ಹೊರಟಿತು. ಜ್ವೋರ್ನಿಕ್ ಪ್ರದೇಶದ ‘ಎಂಜಿನಿಯರಿಂಗ್ ಕೆಲಸ’ಕ್ಕೆ 5 ಟನ್ ಡೀಸೆಲ್ ಬಿಡುಗಡೆ ಮಾಡಬೇಕೆಂಬುದು ಅದರ ಸಾರ. ಆ ಕೆಲಸ ಯಾವುದೆಂಬುದು ಲೋಕಕ್ಕೆ ಪೂರ್ತಿಯಾಗಿ ಗೊತ್ತಾಗಲು ವರ್ಷಗಳೇ ಹಿಡಿದವು. ಎರಡು ತಿಂಗಳ ಹಿಂದೆ ಕೊಂದು ಹೂತಿದ್ದ ಸಾವಿರಾರು ಹೆಣಗಳನ್ನು ಸೈನಿಕರು ರಾತ್ರಿ ಹೊತ್ತು ಯಂತ್ರಗಳಿಂದ ಬಗೆದು, ಲಾರಿಗೆ ತುಂಬಿ, ಹತ್ತಾರು ಕಿಲೋಮೀಟರ್ ಆಚೆಯ ಬೇರೆ ಗುಂಡಿಗಳಿಗೆ ಸುರಿಯುತ್ತಿದ್ದರು.

ಜನಾಂಗಹತ್ಯೆಗಳ ಬಗೆಗಿನ ಬರವಣಿಗೆ ಸಾಮಾನ್ಯವಾಗಿ ಕೊಲೆಯ ದಿನಗಳಲ್ಲೇ ನಿಂತುಬಿಡುತ್ತದೆ. ಎಷ್ಟು ಜನ ಸತ್ತರು, ಕೊಂದವರು ಯಾರು, ತಡೆಯಬಹುದಾಗಿದ್ದವರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗಳು ಮುಗಿದರೆ ಅಧ್ಯಾಯವೂ ಮುಗಿಯುತ್ತದೆ. ಸ್ರೆಬ್ರೆನಿತ್ಸಾದ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಅಲ್ಲಿ ಹೆಣ ಬಚ್ಚಿಟ್ಟದ್ದು ಕೊಲೆಯ ಬಾಲಂಗೋಚಿಯಲ್ಲ, ಅದೇ ಅಪರಾಧದ ಎರಡನೆಯ ಭಾಗ. ಮೊದಲ ಭಾಗ ಸತ್ತವರ ಮೇಲೆ ನಡೆಯಿತು, ಎರಡನೆಯದು ಉಳಿದವರ ಮೇಲೆ. ಈ ಎರಡನೆಯ ಭಾಗದ ಚರಿತ್ರೆಯೇ ಈ ಲೇಖನದ ವಿಷಯ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಯುಗೋಸ್ಲಾವಿಯಾ ಒಡೆದು 1992ರ ಏಪ್ರಿಲ್‌ನಲ್ಲಿ ಬೋಸ್ನಿಯಾದಲ್ಲಿ ಯುದ್ಧ ಹತ್ತಿಕೊಂಡಿತು. ದ್ರೀನಾ ನದಿಯ ದಂಡೆಯ ಊರುಗಳಿಂದ ಬೋಸ್ನಿಯನ್ ಮುಸ್ಲಿಮರನ್ನು, ಅಂದರೆ ಬೋಸ್ನಿಯಾಕರನ್ನು, ಒಕ್ಕಲೆಬ್ಬಿಸುವ ಕೆಲಸ ಆರಂಭದ ತಿಂಗಳುಗಳಲ್ಲೇ ನಡೆದುಹೋಯಿತು. ಓಡಿಬಂದವರೆಲ್ಲ ಬೆಟ್ಟಗಳ ನಡುವಿನ ಗಣಿಪಟ್ಟಣ ಸ್ರೆಬ್ರೆನಿತ್ಸಾದಲ್ಲಿ ತುಂಬಿಕೊಂಡರು. ಆಗಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಮೊದಲ ದಂಡನಾಯಕರಾಗಿದ್ದವರು ನಮ್ಮ ದೇಶದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಅವರು 1993ರ ಮಾರ್ಚ್‌ನಲ್ಲಿ ಹುದ್ದೆ ಬಿಟ್ಟರು. ಮರುತಿಂಗಳು, ಏಪ್ರಿಲ್ 16ರಂದು, ಭದ್ರತಾ ಮಂಡಳಿ ತನ್ನ 819ನೇ ನಿರ್ಣಯದ ಮೂಲಕ ಆ ಪಟ್ಟಣವನ್ನು ‘ಸುರಕ್ಷಿತ ಪ್ರದೇಶ’ ಎಂದು ಸಾರಿತು. ಕಾಗದದ ಮೇಲಿನ ಆ ಸುರಕ್ಷತೆಯನ್ನು ಕಾಯಲು ಕೊನೆಯಲ್ಲಿ ಉಳಿದಿದ್ದವರು ಹಗುರ ಶಸ್ತ್ರಗಳ ಕೆಲವು ನೂರು ಡಚ್ ಸೈನಿಕರು.

1995ರ ಜುಲೈ 11ರಂದು ಜನರಲ್ ರಾತ್ಕೊ ಮ್ಲಾದಿಚ್‌ನ ಪಡೆ ಪಟ್ಟಣವನ್ನು ಹಿಡಿಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಂಗಸರು, ಮಕ್ಕಳು, ಮುದುಕರು ಪಕ್ಕದ ಪೊತೊಚಾರಿಯ ಡಚ್ ಶಿಬಿರದತ್ತ ಓಡಿದರು. ಅಲ್ಲಿ ಗಂಡಸರನ್ನು, ಮೀಸೆ ಚಿಗುರದ ಹುಡುಗರನ್ನೂ ಬಿಡದೆ, ಬೇರೆ ಮಾಡಲಾಯಿತು. ಹೆಂಗಸರನ್ನು ಬಸ್ಸುಗಳಲ್ಲಿ ತುಂಬಿ ಯುದ್ಧರೇಖೆಯಾಚೆ ಬಿಡಲಾಯಿತು. ಶಿಬಿರಕ್ಕೆ ಬಾರದೆ ಕಾಡುದಾರಿ ಹಿಡಿದ ಹತ್ತು ಹದಿನೈದು ಸಾವಿರ ಗಂಡಸರ ಸಾಲಿನಲ್ಲಿ ಸಾವಿರಾರು ಮಂದಿ ದಾರಿಯಲ್ಲಿ ಸೆರೆಸಿಕ್ಕರು. ಜುಲೈ 13ರಂದು ಕ್ರಾವಿತ್ಸಾದ ಉಗ್ರಾಣ, 14ರಂದು ಒರಾಹೊವಾತ್ಸ್, ಅದೇ ರಾತ್ರಿ ಪೆತ್ಕೊವ್ತ್ಸಿಯ ಅಣೆಕಟ್ಟು, ಬಳಿಕ ಕೊಜ್ಲುಕ್, 16ರಂದು ಬ್ರಾನ್ಯೆವೊದ ಸೈನಿಕ ಫಾರ್ಮು ಮತ್ತು ಪಿಲಿತ್ಸಾದ ಸಾಂಸ್ಕೃತಿಕ ಭವನ, ಹೀಗೆ ಕೆಲವೇ ದಿನಗಳಲ್ಲಿ ಸುಮಾರು 8,000 ಜನರನ್ನು ಕೊಲ್ಲಲಾಯಿತು. ಬ್ರಾನ್ಯೆವೊದಲ್ಲಿ ಬಂದೂಕು ಹಿಡಿದಿದ್ದ ದ್ರಾಜೆನ್ ಎರ್ದೆಮೊವಿಚ್ ಮುಂದೆ ಹೇಗ್‌ನ ಅಂತರರಾಷ್ಟ್ರೀಯ ಯುದ್ಧಾಪರಾಧ ನ್ಯಾಯಮಂಡಳಿಯೆದುರು ತಪ್ಪೊಪ್ಪಿಕೊಂಡ. ಬಸ್ಸುಗಳು ಒಂದಾದ ಮೇಲೊಂದು ಬಂದವೆಂದೂ, ಜನರನ್ನು ಹತ್ತು ಹತ್ತರ ಗುಂಪಾಗಿ ಇಳಿಸಿ ಗುಂಡಿಕ್ಕಿದರೆಂದೂ, ಆ ಒಂದೇ ದಿನ ಸತ್ತವರು ಸಾವಿರದಿಂದ ಸಾವಿರದ ಇನ್ನೂರು ಇರಬಹುದೆಂದೂ ಅವನೇ ಹೇಳಿದ. ಅವನಿಗೆ ಕೊನೆಗೆ ಆದ ಶಿಕ್ಷೆ ಐದು ವರ್ಷ.

1995ರ ಆಗಸ್ಟ್ 10ರಂದು ಅಮೆರಿಕದ ರಾಯಭಾರಿ ಮೆಡಲಿನ್ ಆಲ್‌ಬ್ರೈಟ್ ಭದ್ರತಾ ಮಂಡಳಿಯ ಮುಂದೆ ವೈಮಾನಿಕ ಚಿತ್ರಗಳನ್ನಿಟ್ಟರು. ಹೊಸದಾಗಿ ಕೆದಕಿದ ನೆಲ ಅವುಗಳಲ್ಲಿ ಎದ್ದು ಕಾಣುತ್ತಿತ್ತು. ಗುಂಡಿಗಳ ಗುಟ್ಟು ರಟ್ಟಾಯಿತೆಂದು ಕೊಂದವರಿಗೂ ತಿಳಿಯಿತು. ಮುಂದಿನ ತಿಂಗಳಿನ ಡೀಸೆಲ್ ಆದೇಶವನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. ಬ್ರಾನ್ಯೆವೊ ಮತ್ತು ಕೊಜ್ಲುಕ್‌ನ ಹೆಣಗಳು ಕಾಮೆನಿತ್ಸಾ ಬಳಿಯ ಚಾಂಚಾರಿ ರಸ್ತೆಯ ಬದಿಗೆ ಹೋದವು. ಒರಾಹೊವಾತ್ಸ್‌ನವು ಹೊಜಿಚಿ ರಸ್ತೆಗೆ, ಅಣೆಕಟ್ಟಿನವು ಲಿಪ್ಲ್ಯೆಗೆ, ಕ್ರಾವಿತ್ಸಾ ಉಗ್ರಾಣದಲ್ಲಿ ಸತ್ತು ಗ್ಲೊಗೊವಾದಲ್ಲಿ ಹೂಳಲ್ಪಟ್ಟವು ಝೆಲೆನಿ ಯಾದಾರ್‌ಗೆ. ಚಾಂಚಾರಿ ರಸ್ತೆಯೊಂದರಲ್ಲೇ ಇಂಥ ಗುಂಡಿಗಳು 13. ಎರಡು ತಿಂಗಳು ಮಣ್ಣಿನಲ್ಲಿದ್ದ ದೇಹಗಳನ್ನು ಯಂತ್ರದ ಬಕೆಟ್ಟು ಎತ್ತುವಾಗ ಅವು ಇಡಿಯಾಗಿ ಬರಲಿಲ್ಲ. ರುಂಡ ಒಂದು ಲಾರಿಗೆ, ಕಾಲು ಇನ್ನೊಂದಕ್ಕೆ ಹೋಯಿತು. ಒಬ್ಬನೇ ಮನುಷ್ಯನ ಮೂಳೆಗಳು ಮೂರು ನಾಲ್ಕು ಗುಂಡಿಗಳಲ್ಲಿ ಸಿಕ್ಕ ನಿದರ್ಶನಗಳಿರುವುದು ಈ ಕಾರಣದಿಂದ.

ಸಾಕ್ಷ್ಯ ಅಳಿಸಲು ಮಾಡಿದ ಈ ಕೆಲಸವೇ ಸಾಕ್ಷ್ಯವಾಯಿತು. 1996ರಿಂದ ನ್ಯಾಯಮಂಡಳಿಯ ತನಿಖೆದಾರರು ಗುಂಡಿಗಳನ್ನು ತೆರೆಯತೊಡಗಿದರು. ಫ್ರಾನ್ಸಿನ ಪೊಲೀಸ್ ಅಧಿಕಾರಿ ಜ್ಯಾಂ-ರೆನೆ ರ‍್ಯೂಯೆಜ್ ಅವರ ಮುಂದಾಳು. ಕೊಜ್ಲುಕ್‌ನ ಕೊಲೆಗಳು ನಡೆದ ಜಾಗ ಒಂದು ಬಾಟಲಿ ತುಂಬುವ ಕಾರ್ಖಾನೆ ಕಸ ಸುರಿಯುತ್ತಿದ್ದ ತಾಣ. ಅಲ್ಲಿನ ಹಸಿರು ಗಾಜಿನ ಚೂರುಗಳು ದೂರದ ಚಾಂಚಾರಿ ರಸ್ತೆಯ ಗುಂಡಿಯಲ್ಲೂ ಮೂಳೆಗಳ ನಡುವೆ ಸಿಕ್ಕವು. ಕ್ರಾವಿತ್ಸಾ ಉಗ್ರಾಣದ ಗೋಡೆಯ ಚಕ್ಕೆಗಳು ಹೆಣಗಳ ಜತೆ ಪಯಣಿಸಿದ್ದವು. ಮಣ್ಣು, ತೋಟಾಗಳು, ಬಟ್ಟೆಯ ತುಂಡುಗಳು ಒಂದೊಂದು ಗುಂಡಿಗೂ ಅದರ ಮೂಲವನ್ನು ಜೋಡಿಸಿಕೊಟ್ಟವು. ಕೈಗಡಿಯಾರಗಳ ಕಥೆ ಇನ್ನೂ ಸೂಕ್ಷ್ಮ. ಸತ್ತವರಲ್ಲಿ ಕೆಲವರ ಮುಂಗೈಯಲ್ಲಿ ಸೈಕೋ ಕಂಪನಿಯ ಗಡಿಯಾರಗಳಿದ್ದವು. ಇವಕ್ಕೆ ಬ್ಯಾಟರಿ ಇಲ್ಲ. ಕೈ ಆಡುತ್ತಿದ್ದರೆ ತಾವೇ ಕೀಲಿ ತುಂಬಿಕೊಳ್ಳುತ್ತವೆ, ಕೈ ನಿಂತರೆ ಒಂದೆರಡು ದಿನ ಓಡಿ ನಿಲ್ಲುತ್ತವೆ. ಮುಖದಲ್ಲಿ ವಾರ, ತಾರೀಖು ಎರಡೂ ಇರುತ್ತವೆ. ನಿಂತ ದಿನದಿಂದ ಹಿಂದಕ್ಕೆ ಎಣಿಸಿದಾಗ ಜುಲೈ ನಡುವಿನ ಆ ದಿನಗಳೇ ಬಂದವು. ಇವರೆಲ್ಲ ಕಾಳಗದಲ್ಲಿ ಸತ್ತ ಸೈನಿಕರೆಂಬುದು ಆರೋಪಿಗಳ ಪಟ್ಟಾಗಿತ್ತು. ಗುಂಡಿಗಳಿಂದ ನೂರಾರು ಕಣ್ಣುಪಟ್ಟಿಗಳೂ ಕೈಕಟ್ಟುಗಳೂ ಹೊರಬಂದ ಮೇಲೆ ಆ ವಾದಕ್ಕೆ ನೆಲೆಯುಳಿಯಲಿಲ್ಲ. ಕೈ ಹಿಂದಕ್ಕೆ ಕಟ್ಟಿಸಿಕೊಂಡು ಯಾರೂ ಕಾಳಗ ಮಾಡುವುದಿಲ್ಲ.

ನ್ಯಾಯಾಲಯಕ್ಕೆ ಇಷ್ಟು ಸಾಕಾಗಿತ್ತು. ತಾಯಂದಿರಿಗೆ ಸಾಕಾಗಲಿಲ್ಲ. ಗುಂಡಿಯಲ್ಲಿ ಎಷ್ಟು ಜನರಿದ್ದರು ಎಂಬುದಲ್ಲ, ತಮ್ಮ ಮಗ ಇದ್ದಾನೆಯೇ ಎಂಬುದು ಅವರ ಪ್ರಶ್ನೆ. ಅವರಲ್ಲಿ ಹಲವರು ತುಜ್ಲಾ ನಗರದ ಸುತ್ತಲಿನ ನಿರಾಶ್ರಿತ ನೆಲೆಗಳಲ್ಲಿದ್ದರು. ಪ್ರತಿ ತಿಂಗಳ 11ರಂದು ದಿಂಬಿನ ಚೀಲಗಳ ಮೇಲೆ ಕಾಣೆಯಾದವರ ಹೆಸರು ಕಸೂತಿ ಹಾಕಿ, ಅವನ್ನು ಸಾಲಾಗಿ ಹಿಡಿದು ಬೀದಿಗೆ ಬರುತ್ತಿದ್ದರು. ಗಂಡನೋ ಮಗನೋ ಎಲ್ಲೋ ಗಣಿಯಲ್ಲಿ ಜೀತ ಮಾಡುತ್ತಿದ್ದಾನೆ, ಸೆರ್ಬಿಯಾದ ಯಾವುದೋ ಸೆರೆಮನೆಯಲ್ಲಿದ್ದಾನೆ ಎಂಬ ಸುದ್ದಿಗಳು ವರ್ಷಗಟ್ಟಲೆ ಹಬ್ಬುತ್ತಲೇ ಇದ್ದವು. ಹೆಣ ಕಾಣದವರು ಅದನ್ನು ನಂಬದೆ ಇನ್ನೇನು ಮಾಡಿಯಾರು? ಗುಂಡಿಗಳಲ್ಲಿ ಸಿಕ್ಕ ಬಟ್ಟೆ, ಬೆಲ್ಟು, ತಂಬಾಕಿನ ಡಬ್ಬಿಗಳ ಚಿತ್ರ ತೆಗೆದು ಪುಸ್ತಕ ಮಾಡಿ ಮನೆಯವರಿಗೆ ತೋರಿಸುವ ಪ್ರಯತ್ನವೂ ನಡೆಯಿತು. ತಾನು ಹೆಣೆದ ಸ್ವೆಟರನ್ನೋ, ತೇಪೆ ಹಾಕಿದ ಪ್ಯಾಂಟನ್ನೋ ಹುಡುಕುತ್ತ ಹೆಂಗಸರು ಪುಟ ತಿರುವಿದರು. ಮುತ್ತಿಗೆಯ ವರ್ಷಗಳಲ್ಲಿ ಊರಿನವರೆಲ್ಲ ನೆರವಿನ ಮೂಟೆಗಳ ಒಂದೇ ಬಗೆಯ ಬಟ್ಟೆ ತೊಟ್ಟಿದ್ದರಿಂದ ಫಲ ತೀರ ಕಡಿಮೆ.

1996ರಲ್ಲಿ ಹುಟ್ಟಿದ, ಕಾಣೆಯಾದವರಿಗಾಗಿನ ಅಂತರರಾಷ್ಟ್ರೀಯ ಆಯೋಗವು ಡಿಎನ್ಎ ಪರೀಕ್ಷೆಯ ದಾರಿ ಹಿಡಿದದ್ದು ಈ ಸೋಲಿನ ನಂತರ. ಬದುಕುಳಿದ ಬಂಧುಗಳ ಬೆರಳು ಚುಚ್ಚಿ ರಕ್ತದ ಹನಿ ಸಂಗ್ರಹಿಸುವುದು, ಮೂಳೆಯಿಂದ ಡಿಎನ್ಎ ತೆಗೆಯುವುದು, ಎರಡನ್ನೂ ಗಣಕದಲ್ಲಿ ಹೋಲಿಸುವುದು ಅದರ ಕ್ರಮ. ಸ್ರೆಬ್ರೆನಿತ್ಸಾ ಒಂದಕ್ಕೇ 22,000ಕ್ಕೂ ಮೀರಿದ ಬಂಧುಗಳು ರಕ್ತ ಕೊಟ್ಟರು. 2001ರ ನವೆಂಬರ್‌ನಲ್ಲಿ ಮೊದಲ ಗುರುತು ಸಿಕ್ಕಿತು, ಹದಿಹರೆಯದ ಹುಡುಗನೊಬ್ಬನದು. ಅಂದಿನಿಂದ ಇಂದಿನವರೆಗೆ ಸುಮಾರು 7,000 ಜನರ ಗುರುತು ಖಚಿತವಾಗಿದೆ. ಯುದ್ಧಾನಂತರದ ಸಮಾಜವೊಂದರಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಡಿಎನ್ಎ ಬಳಸಿದ್ದು ಅದೇ ಮೊದಲು.

ಗುರುತು ಸಿಕ್ಕರೂ ಸಂಕಟ ತೀರಲಿಲ್ಲ, ಅದು ರೂಪ ಬದಲಿಸಿತು. ಎರಡು ಮೂಳೆ ಮಾತ್ರ ಸಿಕ್ಕಾಗ ಮನೆಯವರು ಏನು ಮಾಡಬೇಕು? ಅಷ್ಟನ್ನೇ ಮಣ್ಣು ಮಾಡಬಹುದು, ಇಲ್ಲವೇ ಉಳಿದದ್ದು ಸಿಗಲೆಂದು ಕಾಯಬಹುದು. ಕಾದವರಲ್ಲಿ ಕೆಲವರು ಕಾಯುತ್ತಲೇ ತೀರಿಕೊಂಡರು. ಬೇಗ ಮಣ್ಣು ಮಾಡಿದವರ ಮನೆಗೆ ಕೆಲವು ವರ್ಷಗಳ ಮೇಲೆ ಮತ್ತೆ ಕರೆ ಬಂದು, ಇನ್ನೊಂದು ಗುಂಡಿಯಲ್ಲಿ ತೊಡೆಮೂಳೆ ಸಿಕ್ಕಿದೆ, ಗೋರಿ ತೆರೆಯಲು ಒಪ್ಪಿಗೆ ಕೊಡುತ್ತೀರಾ ಎಂದು ಕೇಳಲಾಯಿತು. 1995ರ ಆ ರಾತ್ರಿಗಳ ಕೆಲಸ ಹೀಗೆ ಮೂರು ದಶಕಗಳವರೆಗೆ ಮನೆ ಮನೆಯ ಬಾಗಿಲು ಬಡಿಯುತ್ತ ಬಂದಿದೆ. ತಾಯಂದಿರ ಚಳವಳಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಹತಿಜಾ ಮೆಹ್ಮೆದೊವಿಚ್ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡವರು. ಕೊಂದವರ ಕಡೆಯವರು ನೆರೆಹೊರೆಯಲ್ಲಿದ್ದರೂ ಹೆದರದೆ ಸ್ರೆಬ್ರೆನಿತ್ಸಾದ ತಮ್ಮ ಮನೆಗೇ ಮರಳಿದರು. ಮೂವರ ಮೂಳೆಗಳನ್ನು ಪೊತೊಚಾರಿಯಲ್ಲಿ ಮಣ್ಣು ಮಾಡಲು ಅವರಿಗೆ ಸಾಧ್ಯವಾದದ್ದು 2010ರಲ್ಲಿ. 2018ರಲ್ಲಿ ಅವರೂ ತೀರಿಕೊಂಡರು.

ಕಾನೂನು ಈ ಸಂಕಟವನ್ನು ಕಂಡದ್ದು ಚರಿತ್ರೆಯ ದೃಷ್ಟಿಯಿಂದ ಮಹತ್ವದ ಸಂಗತಿ. 1948ರ ಡಿಸೆಂಬರ್ 9ರ ವಿಶ್ವಸಂಸ್ಥೆಯ ಜನಾಂಗಹತ್ಯೆ ಒಪ್ಪಂದದ ಪ್ರಕಾರ ಈ ಅಪರಾಧ ಸಾಬೀತಾಗಬೇಕಾದರೆ ಹೆಣಗಳ ಎಣಿಕೆ ಸಾಲದು; ಒಂದು ಸಮುದಾಯವನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶ ತೋರಬೇಕು. ಹೆಂಗಸರನ್ನೂ ಮಕ್ಕಳನ್ನೂ ಜೀವಂತ ಕಳಿಸಿದ್ದೇವಲ್ಲ, ಇನ್ನೆಲ್ಲಿಯ ಜನಾಂಗಹತ್ಯೆ ಎಂಬುದು ಮ್ಲಾದಿಚ್‌ನ ಕೈಕೆಳಗಿದ್ದ ಜನರಲ್ ರಾದಿಸ್ಲಾವ್ ಕ್ರಿಸ್ತಿಚ್‌ನ ವಕೀಲರ ವಾದ. ಹೇಗ್‌ನ ನ್ಯಾಯಮಂಡಳಿಯ 2001ರ ಆಗಸ್ಟ್ 2ರ ತೀರ್ಪು ಅದನ್ನು ಒಪ್ಪಲಿಲ್ಲ. ಹೆಣಗಳನ್ನು ಬಗೆದು, ಛಿದ್ರಮಾಡಿ, ಬೇರೆಡೆ ಬಚ್ಚಿಟ್ಟು ಧರ್ಮೋಚಿತ ಸಂಸ್ಕಾರವನ್ನು ತಪ್ಪಿಸಿದ್ದು ನಾಶದ ಉದ್ದೇಶದ ಬಲವಾದ ಕುರುಹು ಎಂದು ಅದು ಹೇಳಿತು. 2004ರ ಮೇಲ್ಮನವಿ ತೀರ್ಪು ಕ್ರಿಸ್ತಿಚ್‌ನ ಪಾತ್ರವನ್ನು ನೆರವು ನೀಡಿದ್ದಕ್ಕೆ ಇಳಿಸಿ ಶಿಕ್ಷೆಯನ್ನು 46 ವರ್ಷದಿಂದ 35 ವರ್ಷಕ್ಕೆ ತಗ್ಗಿಸಿತಾದರೂ, ಸ್ರೆಬ್ರೆನಿತ್ಸಾದಲ್ಲಿ ನಡೆದದ್ದು ಜನಾಂಗಹತ್ಯೆಯೇ ಎಂಬುದನ್ನು ಎತ್ತಿಹಿಡಿಯಿತು. ಗಂಡಂದಿರು ದಾಖಲೆಯಲ್ಲಿ ‘ಕಾಣೆ’ಯಾಗಿಯೇ ಉಳಿದಿದ್ದರಿಂದ ಹೆಂಡತಿಯರು ಮರುಮದುವೆಯಾಗಲಾರದೆ ಹೋದರು, ಹೊಸ ಮಕ್ಕಳು ಹುಟ್ಟಲಿಲ್ಲ ಎಂಬ ಅಂಶವೂ ಆ ತೀರ್ಪಿನ ತರ್ಕದಲ್ಲಿ ಸೇರಿದೆ. ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ ಎಂಬ ಸ್ಥಿತಿಯಲ್ಲಿ ಸಾವಿರಾರು ಹೆಂಗಸರನ್ನು ಇಟ್ಟದ್ದು ಸಮುದಾಯದ ನಾಳೆಯ ಮೇಲಿನ ಏಟು ಎಂದು ನ್ಯಾಯಾಧೀಶರು ಗುರುತಿಸಿದರು. ನನ್ನ ಮಟ್ಟಿಗೆ, ಸ್ರೆಬ್ರೆನಿತ್ಸಾದ ಮೊಕದ್ದಮೆಗಳಲ್ಲಿ ಬಂದ ಅತ್ಯಂತ ಮುಖ್ಯವಾದ ಮಾತು ಇದೇ. 2007ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಸ್ರೆಬ್ರೆನಿತ್ಸಾದಲ್ಲಿ ನಡೆದದ್ದನ್ನು ಜನಾಂಗಹತ್ಯೆಯೆಂದೇ ಕರೆಯಿತು. ಮ್ಲಾದಿಚ್‌ನ ಜೀವಾವಧಿ ಶಿಕ್ಷೆ 2021ರ ಜೂನ್ 8ರಂದು ಕಾಯಂ ಆಯಿತು.

ಎಲ್ಲ ನ್ಯಾಯಾಲಯಗಳೂ ಇದೇ ಸೂಕ್ಷ್ಮವನ್ನು ತೋರಲಿಲ್ಲ. ಡಚ್ ಶಿಬಿರದೊಳಗೆ ಆಶ್ರಯ ಪಡೆದು, ಕೊನೆಗೆ ಹೊರಹಾಕಲ್ಪಟ್ಟು ಕೊಲೆಯಾದ 350 ಗಂಡಸರ ವಿಷಯದಲ್ಲಿ ನೆದರ್‌ಲೆಂಡ್ಸಿನ ಹೊಣೆ ಶೇ. 10 ಎಂದು ಆ ದೇಶದ ಸುಪ್ರೀಂ ಕೋರ್ಟ್ 2019ರ ಜುಲೈನಲ್ಲಿ ತೀರ್ಮಾನಿಸಿತು. ಒಳಗೇ ಇರಗೊಟ್ಟಿದ್ದರೆ ಅವರು ಬದುಕುವ ಸಂಭವ ಅಷ್ಟೇ ಇತ್ತು ಎಂಬುದು ಲೆಕ್ಕ. ಕೆಳಗಿನ ನ್ಯಾಯಾಲಯ ಶೇ. 30 ಎಂದಿತ್ತು. ಕಾನೂನಿನ ತರ್ಕ ಇರಬಹುದು, ಆದರೆ ತಾಯಿಯೊಬ್ಬಳ ಎದುರು ಕೂತು ಈ ಶೇಕಡಾವಾರನ್ನು ವಿವರಿಸಬಲ್ಲ ವಕೀಲ ಇದ್ದಾನೆಂದು ನನಗನ್ನಿಸುವುದಿಲ್ಲ.

ಸರ್ಬರ ನೋವನ್ನೂ ಇಲ್ಲಿ ಹೇಳಬೇಕು. 1993ರ ಜನವರಿ 7ರಂದು, ಅವರ ಕ್ರಿಸ್‌ಮಸ್ ದಿನ, ಕ್ರಾವಿತ್ಸಾ ಹಳ್ಳಿಯ ಮೇಲೆ ಸ್ರೆಬ್ರೆನಿತ್ಸಾದ ಕಡೆಯಿಂದ ದಾಳಿಯಾಗಿತ್ತು. ಸತ್ತವರಲ್ಲಿ ನಾಗರಿಕರೂ ಇದ್ದರು. ಕಾಣೆಯಾದವರಿಗಾಗಿನ ಅಂತರರಾಷ್ಟ್ರೀಯ ಆಯೋಗವೂ ರಕ್ತದ ಹನಿ ತೆಗೆದುಕೊಳ್ಳುವಾಗ ಕೊಡುವವರ ಮತ ಕೇಳಲಿಲ್ಲ. ಸರ್ಬ್ ಮನೆಗಳ ಕಾಣೆಯಾದವರನ್ನೂ ಅದು ಹುಡುಕಿಕೊಟ್ಟಿದೆ. ಒಂದು ನೋವನ್ನು ಇನ್ನೊಂದರ ಸಮರ್ಥನೆಗೆ ಬಳಸುವುದು ಮಾತ್ರ ರಾಜಕಾರಣಿಗಳ ಕಸುಬು. ಬೋಸ್ನಿಯಾದ ಸರ್ಬ್ ಆಡಳಿತವೇ 2004ರಲ್ಲಿ ತನ್ನ ಆಯೋಗದ ವರದಿಯ ಮೂಲಕ ಸಾವಿರಾರು ಜನರ ಕೊಲೆಯನ್ನು ಒಪ್ಪಿ, ಅದುವರೆಗೆ ಗೊತ್ತಿರದ ಗುಂಡಿಗಳ ಜಾಗಗಳನ್ನು ಬಹಿರಂಗಪಡಿಸಿತ್ತು. 2018ರ ಆಗಸ್ಟ್‌ನಲ್ಲಿ ಅಲ್ಲಿನ ಶಾಸನಸಭೆ ಆ ವರದಿಗೆ ಕೊಟ್ಟಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ಮಾಹಿತಿಯ ಬಾಗಿಲು ಒಮ್ಮೆ ತೆರೆದದ್ದೂ ಮತ್ತೆ ಮುಚ್ಚಿದ್ದೂ ರಾಜಕೀಯ ಇಚ್ಛೆಯಿಂದಲೇ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಪೊತೊಚಾರಿಯ ಸ್ಮಾರಕದ ಕಲ್ಲಿನ ಮೇಲೆ 8,372 ಎಂಬ ಅಂಕಿಯಿದೆ. ಅಲ್ಲಿ 2003ರ ಮಾರ್ಚ್ 31ರಂದು ಮೊದಲ ಬಾರಿಗೆ ಒಟ್ಟಿಗೆ 600 ಜನರನ್ನು ಮಣ್ಣು ಮಾಡಲಾಯಿತು. 2025ರ ಜುಲೈ 11ರಂದು, ಮೂವತ್ತನೆಯ ವರ್ಷದಲ್ಲಿ, ಹಸಿರು ಬಟ್ಟೆ ಹೊದಿಸಿ ಇಳಿಸಿದ ಪೆಟ್ಟಿಗೆಗಳು ಏಳು. ಸಾವಿರದಷ್ಟು ಜನ ಇನ್ನೂ ಸಿಕ್ಕಿಲ್ಲ. ಅವರ ಬಂಧುಗಳ ಡಿಎನ್ಎ ಮಾಹಿತಿ ಸಿದ್ಧವಾಗಿದೆ, ಹೋಲಿಸುವ ವಿಧಾನವೂ ಪಳಗಿದೆ; ಇಲ್ಲದ್ದು ಮೂಳೆಗಳು ಮಾತ್ರ. ಅವು ಎಲ್ಲಿವೆ ಎಂದು ಬಲ್ಲವರು ಆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಯಂತ್ರ ನಡೆಸಿದವರು, ಲಾರಿ ಓಡಿಸಿದವರು, ರಸ್ತೆ ಕಾದವರು, ಡೀಸೆಲ್ ಲೆಕ್ಕ ಬರೆದವರು. ಅವರಲ್ಲಿ ಶಿಕ್ಷೆಯಾದವರು ಬೆರಳೆಣಿಕೆಯಷ್ಟು. ಉಳಿದವರಿಗೂ ಈಗ ವಯಸ್ಸಾಗುತ್ತಿದೆ. ಅವರು ಬದುಕಿರುವಾಗಲೇ ಬಾಯಿ ಬಿಡಿಸುವ ಹೊಣೆ ಬೋಸ್ನಿಯಾದ ಮತ್ತು ಸೆರ್ಬಿಯಾದ ಸರ್ಕಾರಗಳದು.